ಉಡಾವಣೆ ಯಾವ ದಿನ, ಯಾವ ಹೊತ್ತು: ಸ್ಪಷ್ಟವಾಗಿ ಬರೆಯಬೇಕು

ಮಾನ್ಯ ಸಂಪಾದಕರಿಗೆ,

ಬಾಹ್ಯಾಕಾಶ ಯಾನಗಳ ಸುದ್ದಿಗೆ ತಮ್ಮ ಪತ್ರಿಕೆ ಈಚಿನ ವರ್ಷಗಳಲ್ಲಿ ಕೊಡುತ್ತಿರುವ ಜಾಗವನ್ನು ಸಂತೋಷದಿಂದ ಗಮನಿಸುತ್ತಿರುವ ಓದುಗರಲ್ಲಿ ನಾನೂ ಒಬ್ಬಳು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೂ ಪ್ರತಿ ಉಡಾವಣೆಯ ಹಿಂದಿನ ದಿನ ಶಾಲೆಗೆ ಹೋಗಿ, ಅಲ್ಲಿನ ಕಪ್ಪುಹಲಗೆಯ ಮೇಲೆ ಅದರ ವಿವರ ಬರೆದು ಬರುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ. ರಾಕೆಟ್ಟಿನ ಎತ್ತರ, ತೂಕ, ಉಪಗ್ರಹ ಮಾಡಲಿರುವ ಕೆಲಸ ಇವೆಲ್ಲವೂ ಪತ್ರಿಕೆಯ ವರದಿಯಲ್ಲಿ ಸಲೀಸಾಗಿ ಸಿಗುತ್ತವೆ. ಕೈ ತಡೆಯುವುದು ಎಲ್ಲಕ್ಕಿಂತ ಸುಲಭವೆಂದು ತೋರುವ ಸಾಲಿನಲ್ಲಿ, ಅಂದರೆ ಅದು ಯಾವ ದಿನ ಎಷ್ಟು ಗಂಟೆಗೆ ಮೇಲೇರುತ್ತದೆ ಎಂದು ಬರೆಯುವಾಗ.

ಎರಡು ಉಡಾವಣೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಇಸ್ರೊದ 4,700 ಕೆ.ಜಿ. ತೂಕದ ಸಂವಹನ ಉಪಗ್ರಹ ಜಿಸ್ಯಾಟ್-ಎನ್2 ಮೇಲೇರಿದ್ದು 2024ರ ನವೆಂಬರ್ 19ರ 12.01ಕ್ಕೆ. ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರಿದ್ದ ಆಕ್ಸಿಯಂ-4 ಯಾನದ ನೌಕೆ ಮೇಲೇರಿದ್ದು 2025ರ ಜೂನ್ 25ರ 12.01ಕ್ಕೆ. ಎರಡೂ ಹೊರಟದ್ದು ಅಮೆರಿಕದ ಫ್ಲಾರಿಡಾದಿಂದ, ಎರಡನ್ನೂ ಹೊತ್ತದ್ದು ಫಾಲ್ಕನ್-9 ರಾಕೆಟ್, ಎರಡೂ ಕಡೆ ನಾನು ಕೊಟ್ಟಿರುವುದು ಭಾರತೀಯ ಕಾಲಮಾನ. ಆದರೆ ಮೊದಲನೆಯದು ನಡುರಾತ್ರಿ ಕಳೆದ ಒಂದು ನಿಮಿಷಕ್ಕೆ ನಡೆದದ್ದು, ಎರಡನೆಯದು ನಡುಹಗಲಿನಲ್ಲಿ. 'ನವೆಂಬರ್ 19ರ ಮಧ್ಯರಾತ್ರಿ 12.01' ಎಂದು ಬರೆದರೆ, ಹತ್ತೊಂಬತ್ತನೆಯ ತಾರೀಕಿನ ಹಗಲು ಮುಗಿದ ಮೇಲೆ ಬರುವ ರಾತ್ರಿಯೆಂದೇ ಹೆಚ್ಚಿನವರು ತಿಳಿಯುತ್ತಾರೆ, ಅವರು ಟಿ.ವಿ. ಮುಂದೆ ಕುಳಿತುಕೊಳ್ಳುವ ಹೊತ್ತಿಗೆ ಉಪಗ್ರಹ ಹಾರಿ ಒಂದು ಇಡೀ ದಿನ ಕಳೆದಿರುತ್ತದೆ. ಮೊದಲನೆಯದನ್ನು 00.01 ಎಂದೂ ಎರಡನೆಯದನ್ನು 12.01 ಎಂದೂ ಇಪ್ಪತ್ತನಾಲ್ಕು ಗಂಟೆಯ ಲೆಕ್ಕದಲ್ಲಿ ಅಚ್ಚು ಮಾಡಿದರೆ ಈ ಗೊಂದಲಕ್ಕೆ ಎಡೆಯೇ ಇಲ್ಲ. ರೈಲಿನ ಟಿಕೆಟ್ ಹಿಡಿದು ಓಡಾಡುವ ನಮ್ಮ ಜನರಿಗೆ ಆ ಲೆಕ್ಕ ಹೊಸದೂ ಅಲ್ಲ.

ಈ ತೊಡಕಿಗೆ ಓದುಗರ ಅಜಾಗರೂಕತೆಯನ್ನು ಕಾರಣವೆಂದು ಹೇಳುವುದು ನ್ಯಾಯವಲ್ಲ. ನಮ್ಮ ಮಾತಿನಲ್ಲಿ ದಿನವೆಂಬುದು ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಪಂಚಾಂಗದಲ್ಲಿ ವಾರ ಬದಲಾಗುವುದೂ ಹಾಗೆಯೇ. ಭಾನುವಾರ ರಾತ್ರಿ ಎರಡು ಗಂಟೆಗೆ ಹಸು ಕರು ಹಾಕಿತು ಎಂದು ಹಾಸನದ ಕಡೆಯ ರೈತರೊಬ್ಬರು ಹೇಳಿದರೆ, ಗಡಿಯಾರದ ಲೆಕ್ಕದಲ್ಲಿ ಅದು ಸೋಮವಾರ. ಅವರ ಮಾತು ತಪ್ಪಲ್ಲ, ಕೇಳಿದವರಿಗೂ ಅನುಮಾನ ಬರುವುದಿಲ್ಲ. ಶ್ರೀಹರಿಕೋಟದ ಗಡಿಯಾರ ಮಾತ್ರ ನಡುರಾತ್ರಿಗೆ ತಾರೀಕು ಬದಲಿಸುತ್ತದೆ. ಈ ಎರಡು ಲೆಕ್ಕಗಳ ನಡುವೆ ಸೇತುವೆಯಾಗಬೇಕಾದ ಪತ್ರಿಕೆಗಳು 'ತಡರಾತ್ರಿ' ಎಂಬ ಪದವನ್ನು ಬಳಸಿ ಸುಮ್ಮನಾಗುತ್ತವೆ. ಆ ಪದ ಹಿಂದಿನ ದಿನಕ್ಕೂ ಅಂಟಿಕೊಳ್ಳುತ್ತದೆ, ಮುಂದಿನ ದಿನಕ್ಕೂ ಅಂಟಿಕೊಳ್ಳುತ್ತದೆ. 'ಬೆಳಗಿನ ಜಾವ', 'ನಸುಕು' ಎಂಬ ಒಳ್ಳೆಯ ಪದಗಳು ನಮ್ಮಲ್ಲಿರುವಾಗ ಇದೇಕೆ ಎಂದು ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಇಂಥ ಅಸ್ಪಷ್ಟ ಪದದ ಬೆಲೆಯನ್ನು ನಮ್ಮ ಬಡಾವಣೆಯ ಮಕ್ಕಳು 2019ರಲ್ಲಿ ತೆತ್ತರು. ಚಂದ್ರಯಾನ-2ರ ವಿಕ್ರಂ ಲ್ಯಾಂಡರ್ ಚಂದ್ರನ ಮೇಲೆ ಇಳಿಯಬೇಕಾಗಿದ್ದದ್ದು ಸೆಪ್ಟೆಂಬರ್ 7ರ ಶನಿವಾರ ಬೆಳಗಿನ ಜಾವ, ಒಂದೂವರೆಯಿಂದ ಎರಡೂವರೆಯ ನಡುವೆ. ಅದನ್ನು ಪರದೆಯ ಮೇಲೆ ಎಲ್ಲರಿಗೂ ತೋರಿಸಬೇಕೆಂದು ಹೊರಟ ಸ್ಥಳೀಯ ಸಂಘವೊಂದು ಹಂಚಿದ ಕರಪತ್ರದಲ್ಲಿ 'ಸೆ. 7, ಶನಿವಾರ ರಾತ್ರಿ 1.30ಕ್ಕೆ' ಎಂದು ಬರೆಯಲಾಗಿತ್ತು. ಅಂಕಿಗಳೇನೂ ತಪ್ಪಾಗಿರಲಿಲ್ಲ. ನಾನೂ ಅದನ್ನು ಓದಿ ಒಪ್ಪಿಕೊಂಡು, ಮಕ್ಕಳಿಗೆ ಶನಿವಾರ ಮಧ್ಯಾಹ್ನ ನಿದ್ದೆ ಮಾಡಿಕೊಂಡು ರಾತ್ರಿ ಬನ್ನಿ ಎಂದು ಹೇಳಿದ್ದೆ. ಶನಿವಾರ ಬೆಳಿಗ್ಗೆ ರೇಡಿಯೊ ಹಾಕಿದಾಗ, ಲ್ಯಾಂಡರಿನ ಸಂಪರ್ಕ ಕಡಿದುಹೋದ ಸುದ್ದಿ ಕೇಳಿತು. ಸಂಪರ್ಕ ಕಡಿದದ್ದು ಯಾರ ಕೈಯಲ್ಲೂ ಇರಲಿಲ್ಲ. ಆದರೆ ಆ ಗಳಿಗೆಯಲ್ಲಿ ದೇಶದ ಜೊತೆ ಎಚ್ಚರವಾಗಿರುವ ಅವಕಾಶವನ್ನು ಆ ಮಕ್ಕಳಿಂದ ಕಿತ್ತುಕೊಂಡದ್ದು 'ರಾತ್ರಿ' ಎಂಬ ಒಂದು ಪದ. ಪರದೆ, ಕುರ್ಚಿ ಎಲ್ಲ ಬಾಡಿಗೆಗೆ ಬಂದು ಮೈದಾನದಲ್ಲಿ ಬಿದ್ದಿದ್ದವು. ಅದನ್ನು ನೆನೆದರೆ ಈಗಲೂ ನನಗೆ ನೋವಾಗುತ್ತದೆ.

ಅದೇ ಯಾನದ ಉಡಾವಣೆಯೂ ಮೊದಲು ಇಂಥದ್ದೇ ಹೊತ್ತಿಗೆ, ಅಂದರೆ ಜುಲೈ 15ರ ಸೋಮವಾರ ಬೆಳಗಿನ ಜಾವ 2.51ಕ್ಕೆ ಗೊತ್ತಾಗಿತ್ತು. ತಾಂತ್ರಿಕ ದೋಷ ಕಂಡುಬಂದು ಇನ್ನು 56 ನಿಮಿಷ 24 ಸೆಕೆಂಡ್ ಇರುವಾಗ ಕ್ಷಣಗಣನೆ ನಿಂತಿತು. ಮುಂದಿನ ಸೋಮವಾರ, ಜುಲೈ 22ರ ಮಧ್ಯಾಹ್ನ 2.43ಕ್ಕೆ ರಾಕೆಟ್ ಮೇಲೇರಿತು. ಈಗ ಯಾರಾದರೂ ಅಂತರರಾಷ್ಟ್ರೀಯ ಪಟ್ಟಿಗಳನ್ನು ತೆರೆದು ನೋಡಿದರೆ, ರದ್ದಾದ ಮೊದಲ ಯತ್ನ ಜುಲೈ 14ಕ್ಕೂ, ವಿಕ್ರಂ ಬಿದ್ದದ್ದು ಸೆಪ್ಟೆಂಬರ್ 6ಕ್ಕೂ ಸೇರಿರುವುದನ್ನು ಕಾಣುತ್ತಾರೆ. ವಿದ್ಯಾರ್ಥಿಗಳು ಇದನ್ನು ತಪ್ಪೆಂದು ತಿಳಿಯುತ್ತಾರೆ. ಅದು ತಪ್ಪಲ್ಲ, ಆ ಪಟ್ಟಿಗಳು ಯುಟಿಸಿ ಎಂಬ ಜಾಗತಿಕ ಕಾಲಮಾನವನ್ನು ಅನುಸರಿಸುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಹಾಗಾಗಿ ನಮ್ಮಲ್ಲಿ ನಡುರಾತ್ರಿಯಿಂದ ಬೆಳಗಿನ 5.30ರ ಒಳಗೆ ನಡೆಯುವುದೆಲ್ಲ ಯುಟಿಸಿಯಲ್ಲಿ ಹಿಂದಿನ ತಾರೀಕನ್ನು ಹೊತ್ತಿರುತ್ತದೆ. 2025ರ ಮೇ 18ರಂದು ಬೆಳಿಗ್ಗೆ 5.59ಕ್ಕೆ ಹೊರಟ ಪಿಎಸ್‌ಎಲ್‌ವಿ-ಸಿ61 ಬರೀ 29 ನಿಮಿಷಗಳಿಂದ ಈ ಗೆರೆಯ ಈಚೆಗೆ ಉಳಿಯಿತು. ಆ ಐದೂವರೆ ಗಂಟೆಯ ಗೆರೆಯನ್ನು ಉಪಸಂಪಾದಕರು ನೆನಪಿನಲ್ಲಿಟ್ಟುಕೊಂಡರೆ ಅರ್ಧ ತಪ್ಪುಗಳು ಮೇಜಿನ ಮೇಲೆಯೇ ನಿಲ್ಲುತ್ತವೆ.

ವಿದೇಶದಿಂದ ಹಾರುವ ನಮ್ಮ ಉಪಗ್ರಹಗಳಲ್ಲಿ ಮೂರು ಗಡಿಯಾರಗಳು ಸೇರಿಕೊಳ್ಳುತ್ತವೆ. ಹಾಸನದಲ್ಲಿರುವ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ (ಎಂಸಿಎಫ್) ಇಂದಿಗೂ ನೋಡಿಕೊಳ್ಳುವ ಉಪಗ್ರಹಗಳಲ್ಲಿ ಒಂದಾದ ಜಿಸ್ಯಾಟ್-11 ಫ್ರೆಂಚ್ ಗಯಾನಾದ ಕೌರು ನೆಲೆಯಿಂದ ಏರಿಯಾನ್-5 ರಾಕೆಟ್‌ನಲ್ಲಿ ಹೊರಟಾಗ ಅಲ್ಲಿ 2018ರ ಡಿಸೆಂಬರ್ 4ರ ಮಂಗಳವಾರ ಸಂಜೆ 5.37, ಯುಟಿಸಿಯಲ್ಲಿ ಅದೇ ದಿನದ 20.37, ನಮ್ಮಲ್ಲಿ ಬುಧವಾರ, ಡಿಸೆಂಬರ್ 5ರ ಬೆಳಗಿನ ಜಾವ 2.07. ಡಿಸೆಂಬರ್ 4 ಎಂದವರೂ 5 ಎಂದವರೂ ಸರಿಯೇ, ಆದರೆ ಯಾವ ಊರಿನ ಗಡಿಯಾರವೆಂದು ಹೇಳದಿದ್ದರೆ ಇಬ್ಬರ ಮಾತೂ ಅಪೂರ್ಣ. ಅಮೆರಿಕದ ಹೊತ್ತನ್ನು ನಮ್ಮ ಹೊತ್ತಿಗೆ ತಿರುಗಿಸುವಾಗ ಇನ್ನೊಂದು ಎಚ್ಚರವೂ ಬೇಕು. ಮೇಲೆ ಹೇಳಿದ ಜಿಸ್ಯಾಟ್-ಎನ್2 ಹೊರಟಾಗ ಫ್ಲಾರಿಡಾದಲ್ಲಿ ಸೋಮವಾರ, ನವೆಂಬರ್ 18ರ ಮಧ್ಯಾಹ್ನ 1.31, ಶುಕ್ಲಾ ಹೊರಟಾಗ ಬುಧವಾರ, ಜೂನ್ 25ರ ಬೆಳಗಿನ ಜಾವ 2.31. ಮೊದಲನೆಯದಕ್ಕೆ ಹತ್ತೂವರೆ ಗಂಟೆ ಕೂಡಿಸಬೇಕು, ಎರಡನೆಯದಕ್ಕೆ ಒಂಬತ್ತೂವರೆ. ಬೇಸಗೆಯಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಒಂದೇ ಅಂತರವನ್ನು ವರ್ಷವಿಡೀ ಕೂಡಿಸುತ್ತಾ ಹೋದರೆ ಒಂದು ಗಂಟೆ ತಪ್ಪುತ್ತದೆ, ಮತ್ತು ರಾಕೆಟ್ ಒಂದು ಗಂಟೆ ಕಾಯುವುದಿಲ್ಲ.

ತಮ್ಮ ಪತ್ರಿಕೆಯನ್ನು ಅಂತರಜಾಲದಲ್ಲಿ ಓದುವ ಹೊರದೇಶದ ಕನ್ನಡಿಗರೂ ಕಡಿಮೆಯಿಲ್ಲ. ಎಕ್ಸ್‌ಪೋಸ್ಯಾಟ್ ಉಪಗ್ರಹ 2024ರ ಜನವರಿ 1ರಂದು ಬೆಳಿಗ್ಗೆ 9.10ಕ್ಕೆ ಶ್ರೀಹರಿಕೋಟದಿಂದ ಹೊರಟಾಗ ನ್ಯೂಜೆರ್ಸಿಯಲ್ಲಿರುವ ನನ್ನ ಮಗಳ ಮನೆಯಲ್ಲಿ 2023ರ ಡಿಸೆಂಬರ್ 31ರ ರಾತ್ರಿ 10.40. ದಿನವಷ್ಟೇ ಅಲ್ಲ, ತಿಂಗಳೂ ವರ್ಷವೂ ಬೇರೆ. 'ಹೊಸ ವರ್ಷದ ಮೊದಲ ದಿನ ಬೆಳಿಗ್ಗೆ' ಎಂದು ನಾವು ಬರೆದದ್ದನ್ನು ಅವಳು ತನ್ನ ಮರುದಿನದ ಬೆಳಗಿಗೆ ಹೊಂದಿಸಿಕೊಂಡಿದ್ದಳು. 'ಇಂದು', 'ನಾಳೆ' ಎಂಬ ಪದಗಳೂ ಹೀಗೆಯೇ. ಬೆಳಿಗ್ಗೆ ಕೈಗೆ ಬರುವ ಮುದ್ರಿತ ಪತ್ರಿಕೆಯಲ್ಲಿ ಅವು ಸಲ್ಲುತ್ತವೆ. ಅದೇ ವರದಿಯನ್ನು ಮೂರು ದಿನದ ಮೇಲೆ ಮೊಬೈಲಿನಲ್ಲಿ ತೆರೆದವರಿಗೆ ಅವುಗಳಿಂದ ಪ್ರಯೋಜನವಿಲ್ಲ.

ತಾರೀಕನ್ನು ಬರೀ ಅಂಕಿಗಳಲ್ಲಿ ಬರೆಯುವುದನ್ನೂ ದಯವಿಟ್ಟು ಕೈಬಿಡಬೇಕು. ಎಸ್‌ಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಾರಾಟ 7/8/2022 ಎಂದರೆ ನಮಗೆ ಆಗಸ್ಟ್ 7, ತಿಂಗಳನ್ನು ಮೊದಲು ಬರೆಯುವ ಅಮೆರಿಕದವರಿಗೆ ಜುಲೈ 8. ಗಂಟೆ ಮತ್ತು ನಿಮಿಷದ ನಡುವೆ ನಾವು ಇಡುವ ಚುಕ್ಕಿಯೂ ಮಕ್ಕಳನ್ನು ಕಾಡುತ್ತದೆ. ಚಂದ್ರಯಾನ-3 ಇಳಿದ ಸಂಜೆ 6.04ನ್ನು ಸೊನ್ನೆ ಬಿಟ್ಟು 6.4 ಎಂದು ಬರೆದರೆ ಅದು ಆರು ನಲವತ್ತಾಗುತ್ತದೆ. ಒಂದು ಕಡೆ '25.30 ಗಂಟೆಗಳ ಕ್ಷಣಗಣನೆ' ಎಂದೂ ಇನ್ನೊಂದು ಕಡೆ '25.5 ಗಂಟೆಗಳ ಕ್ಷಣಗಣನೆ' ಎಂದೂ ಓದಿದ ಏಳನೆಯ ತರಗತಿಯ ಹುಡುಗಿಯೊಬ್ಬಳು ಇವೆರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದ್ದಳು. ಎರಡೂ ಒಂದೇ ಎಂದು ಅವಳನ್ನು ಒಪ್ಪಿಸಲು ಅರ್ಧ ಪೀರಿಯಡ್ ಹಿಡಿಯಿತು. 'ಇಪ್ಪತ್ತೈದೂವರೆ ಗಂಟೆ' ಎಂಬ ಕನ್ನಡದ ಪದ ಇದನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತದೆ.

ಸೆಕೆಂಡುಗಳನ್ನು ಪ್ರತಿ ಸಲವೂ ಕೊಡಬೇಕೆಂದು ನಾನು ಕೇಳುತ್ತಿಲ್ಲ. ಆದರೆ ವೇಳೆ ಅಲ್ಪಸ್ವಲ್ಪ ಬದಲಾದಾಗ ಅದರ ಕಾರಣವನ್ನು ತಪ್ಪದೆ ತಿಳಿಸಬೇಕು, ಏಕೆಂದರೆ ವಿಜ್ಞಾನವಿರುವುದು ಅಲ್ಲಿಯೇ. ಸ್ಪೇಡೆಕ್ಸ್ ಉಪಗ್ರಹಗಳನ್ನು ಹೊತ್ತ ಪಿಎಸ್‌ಎಲ್‌ವಿ-ಸಿ60 2024ರ ಡಿಸೆಂಬರ್ 30ರ ರಾತ್ರಿ 9.58ಕ್ಕೆ ಹೊರಡಬೇಕಿತ್ತು, ಹೊರಟದ್ದು 10 ಗಂಟೆ 15 ಸೆಕೆಂಡಿಗೆ. ದಾರಿಯಲ್ಲಿ ಬೇರೆ ಉಪಗ್ರಹಗಳು ತೀರ ಹತ್ತಿರ ಬರಬಾರದೆಂದು ಆ ಬದಲಾವಣೆ. ಚಂದ್ರಯಾನ-3ರ ಉಡಾವಣೆಯನ್ನು ಅಂಥದ್ದೇ ಕಾರಣಕ್ಕೆ 4 ಸೆಕೆಂಡ್ ತಡಮಾಡಲಾಗಿತ್ತು. ಭೂಮಿಯ ಸಮೀಪದ ಕಕ್ಷೆಯಲ್ಲಿ ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ಓಡುವ ವಸ್ತು 4 ಸೆಕೆಂಡಿನಲ್ಲಿ 30 ಕಿ.ಮೀ. ದೂರ ಹೋಗಿರುತ್ತದೆ ಎಂದು ವಿವರಿಸಿದಾಗ ಮಕ್ಕಳ ಕಣ್ಣು ಅರಳುವುದನ್ನು ನಾನು ಕಂಡಿದ್ದೇನೆ.

ಗೊತ್ತಾದ ದಿನವೂ ಖಚಿತವಾದ ದಿನವೂ ಒಂದೇ ಅಲ್ಲವೆಂಬುದನ್ನು ಕೂಡ ವರದಿ ಹೇಳಬೇಕಾಗುತ್ತದೆ. ಶುಕ್ಲಾ ಅವರ ಯಾನ ಜೂನ್ 10ರಿಂದ 11ಕ್ಕೆ, ಅಲ್ಲಿಂದ 19ಕ್ಕೆ, 22ಕ್ಕೆ, ಕೊನೆಗೆ 25ಕ್ಕೆ ಸರಿಯಿತು. ಒಮ್ಮೆ ಹವಾಮಾನ, ಇನ್ನೊಮ್ಮೆ ದ್ರವ ಆಮ್ಲಜನಕದ ಸೋರಿಕೆ. ಬಾಹ್ಯಾಕಾಶ ಸಂಸ್ಥೆಗಳು ಮುಂಚಿತವಾಗಿ ದಿನ ಪ್ರಕಟಿಸುವಾಗ 'ಇದಕ್ಕೆ ಮೊದಲಿಲ್ಲ' ಎಂಬ ಅರ್ಥದಲ್ಲಿ ಹೇಳುವುದು ವಾಡಿಕೆ. ಕನ್ನಡದ ಶೀರ್ಷಿಕೆಯಲ್ಲಿ ಅದು 'ಜೂನ್ 11ಕ್ಕೆ ಉಡಾವಣೆ' ಎಂಬ ಖಾತ್ರಿಯಾಗಿ ಮಾರ್ಪಟ್ಟರೆ, ಮುಂದೂಡಿಕೆಯೆಲ್ಲ ಸೋಲಿನಂತೆ ಕಾಣುತ್ತದೆ. 'ಬೇಗನೆ ಎಂದರೆ ಜೂನ್ 11ಕ್ಕೆ' ಎಂದು ಬರೆಯಲು ಹೆಚ್ಚಿನ ಜಾಗವೇನೂ ಬೇಡ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಉಡಾವಣೆಯ ಪ್ರತಿ ವರದಿಯ ಮೊದಲ ಭಾಗದಲ್ಲೇ ವಾರ, ತಿಂಗಳ ಹೆಸರಿನೊಂದಿಗೆ ತಾರೀಕು, ಇಪ್ಪತ್ತನಾಲ್ಕು ಗಂಟೆಯ ಲೆಕ್ಕದ ವೇಳೆ ಮತ್ತು 'ಭಾರತೀಯ ಕಾಲಮಾನ' ಎಂಬ ಎರಡು ಪದಗಳು ಒಟ್ಟಿಗೆ ಬರಲಿ. ನಡುರಾತ್ರಿಯಿಂದ ಬೆಳಗಿನ 5.30ರ ನಡುವಿನ ಹೊತ್ತಾದರೆ, ಯಾವ ದಿನದ ರಾತ್ರಿ ಕಳೆದ ಬಳಿಕ ಎಂದು ಬಿಡಿಸಿ ಹೇಳುವ ಒಂದು ವಾಕ್ಯವಿರಲಿ. ಉದಾಹರಣೆಗೆ, 'ನವೆಂಬರ್ 19, ಮಂಗಳವಾರ, 00.01, ಭಾರತೀಯ ಕಾಲಮಾನ. ಅಂದರೆ ಸೋಮವಾರ ರಾತ್ರಿ ಹನ್ನೆರಡು ಹೊಡೆದ ಕೂಡಲೇ'. ಹೊರದೇಶದಿಂದ ಹೊರಡುವುದಾದರೆ ಅಲ್ಲಿನ ಸ್ಥಳೀಯ ವೇಳೆಯನ್ನೂ ಯುಟಿಸಿಯನ್ನೂ ಕೊನೆಯ ಸಾಲಿನಲ್ಲಿ ಕೊಡಬಹುದು.

ಇನ್ನೊಂದು ಮಾತು. ಇತಿಹಾಸದ ದಿನಗಳನ್ನು ನೆನಪಿಸುವ ಅಂಕಣಗಳಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರ ಜುಲೈ 20 ಎಂದೇ ಬರುತ್ತದೆ. ನೀಲ್ ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ಅಮೆರಿಕದ ಪೂರ್ವ ಕರಾವಳಿಯಲ್ಲಿ ಭಾನುವಾರ ರಾತ್ರಿ 10.56, ಯುಟಿಸಿಯಲ್ಲಿ ಸೋಮವಾರದ 2.56, ನಮ್ಮಲ್ಲಿ ಸೋಮವಾರ, ಜುಲೈ 21ರ ಬೆಳಿಗ್ಗೆ 8.26. ನನ್ನ ತಂದೆ ಅದನ್ನು ಸೋಮವಾರ ಬೆಳಗಿನ ಸುದ್ದಿಯಾಗಿಯೇ ನೆನಪಿಟ್ಟುಕೊಂಡಿದ್ದರು. ಶಾಲೆಯ ಪುಸ್ತಕ ಓದಿದ ನಾನು ಅವರ ನೆನಪನ್ನು ಎಷ್ಟೋ ಸಲ ತಿದ್ದಿದ್ದೆ. ಮುಂದಿನ ಜುಲೈನಲ್ಲಿ ಆ ಅಂಕಣ ಬರುವಾಗ ಎರಡೂ ತಾರೀಕುಗಳನ್ನು, ಯಾವುದು ಯಾವ ಊರಿನದು ಎಂಬ ವಿವರದೊಡನೆ, ಅಚ್ಚು ಮಾಡಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಹಾಸನ