ಕಮಿಷನರ್ ಸಾಹೇಬ್ರೇ, ದೇವರಾಜ ಮಾರ್ಕೆಟ್‌ಗೆ ಪಾರ್ಟ್ನರ್ ಹುಡುಕೋಕೆ ಊರಾಚೆ ಹೋಗ್ಬೇಡಿ

ಮೈಸೂರು ಮಹಾನಗರ ಪಾಲಿಕೆ ಕಮಿಷನರ್ ಅವರಿಗೆ,

ನಮಸ್ಕಾರ ಸಾರ್. ಈ ಪತ್ರ ನಮ್ಮ ವಾರ್ಡಿನ ಕಾರ್ಪೊರೇಟರ್‌ಗೆ ಬರೀಬೇಕಿತ್ತು, ಆದ್ರೆ ಅವರ ಅವಧಿ 2023ರಲ್ಲೇ ಮುಗಿದೋಯ್ತು, ಆಮೇಲೆ ಎಲೆಕ್ಷನ್ ಸುದ್ದೀನೇ ಇಲ್ಲ, ಹಂಗಾಗಿ ಪೇಟೆ ವಿಷಯ ಕೇಳ್ಬೇಕು ಅಂದ್ರೆ ಸದ್ಯಕ್ಕೆ ನಿಮ್ಮನ್ನೇ ಕೇಳ್ಬೇಕು.

ಪೇಟೆ ಅಂದ್ರೆ ನಾನು ಹೇಳ್ತಿರೋದು ಕೆ.ಆರ್. ಸರ್ಕಲ್, ಚಿಕ್ಕ ಗಡಿಯಾರ, ದೇವರಾಜ ಮಾರ್ಕೆಟ್, ಸಯ್ಯಾಜಿರಾವ್ ರಸ್ತೆ, ಅರಸು ರೋಡು, ಶಿವರಾಂಪೇಟೆ, ಸಂತೇಪೇಟೆ ಇಷ್ಟು. ಬೋಗಾದಿ ಕಡೆಯೋರು, ವಿಜಯನಗರದೋರು, ಜೆ.ಪಿ. ನಗರದೋರು ಈಗ ಪೇಟೆಗೆ ಬರೋದು ಹಬ್ಬದ ಹಿಂದಿನ ದಿನ ಹೂವು ಬಾಳೆಕಂದು ತಗೊಳೋಕೆ ಮಾತ್ರ, ಮಿಕ್ಕಿದ್ದೆಲ್ಲಾ ಮಾಲು ಇಲ್ಲಾ ಮೊಬೈಲು. ನಾರಾಯಣಶಾಸ್ತ್ರಿ ರಸ್ತೆ ಶಾಂತಲಾ ಥಿಯೇಟರ್ 2020ರಲ್ಲಿ ಬಾಗಿಲು ಹಾಕ್ತು, ಸೆಕೆಂಡ್ ಶೋ ಬಿಟ್ಟ ಮೇಲೆ ಟೀ ಮಾರ್ತಿದ್ದೋರ ಕಥೇನೂ ಅಲ್ಲಿಗೆ ಮುಗೀತು. ದಸರಾ ದಿನ ಅದೇ ಸಯ್ಯಾಜಿರಾವ್ ರಸ್ತೇಲಿ ಲಕ್ಷಾಂತರ ಜನ ಜಂಬೂಸವಾರಿ ನೋಡೋಕೆ ಬೆಳಿಗ್ಗೆಯಿಂದ ಕೂತಿರ್ತಾರೆ. ಮಾರನೇ ದಿನ ಹೋಗಿ ನೋಡಿ, ಒಬ್ಬ ವಯಸ್ಸಾದೋರು ಫುಟ್‌ಪಾತ್ ಮೇಲೆ ನೆಟ್ಟಗೆ ಐವತ್ತು ಹೆಜ್ಜೆ ನಡೆಯೋ ಹಂಗಿಲ್ಲ.

ಈಗ ಎಲ್ಲಾ ಮೀಟಿಂಗಲ್ಲೂ ಪಿಪಿಪಿ ಅನ್ನೋ ಮಾತು ಕೇಳ್ತಿದೀವಿ, ಸರ್ಕಾರದ ಹತ್ರ ದುಡ್ಡಿಲ್ಲ, ಖಾಸಗಿಯೋರ ಜೊತೆ ಸೇರಿ ಪೇಟೆ ಅಭಿವೃದ್ಧಿ ಮಾಡ್ತೀವಿ ಅಂತ. ನಾನು ಇದಕ್ಕೆ ವಿರೋಧಿ ಅಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಆದ್ರೆ ನಮ್ಮಲ್ಲಿ ಖಾಸಗಿ ಅಂದ ತಕ್ಷಣ ಎಲ್ಲರ ಕಣ್ಮುಂದೆ ಬರೋದು ಒಬ್ಬ ದೊಡ್ಡ ಬಿಲ್ಡರ್ರು, ಮೂವತ್ತು ವರ್ಷದ ಲೀಸು, ಹಳೇದು ಕೆಡವಿ ಗಾಜಿನ ಕಟ್ಟಡ, ಕೆಳಗಡೆ ಪಾರ್ಕಿಂಗು. ಬೇಸ್‌ಮೆಂಟ್ ಪಾರ್ಕಿಂಗ್ ಗತಿ ಏನಾಗುತ್ತೆ ಅನ್ನೋದಕ್ಕೆ ಪುರಭವನದ ಅಂಗಳ ಒಂದ್ಸಲ ನೋಡ್ಕೊಂಡ್ ಬಂದ್ರೆ ಸಾಕು, ವರ್ಷಗಟ್ಟಲೆ ಎಳೆದಿದ್ದು ಊರಿಗೆಲ್ಲಾ ಗೊತ್ತು. 1884ರ ರಂಗಾಚಾರ್ಲು ಪುರಭವನ ಅದು, ಅದರ ಮುಂದೇನೇ ಈ ಅವಸ್ಥೆ.

ನಂಗೆ ಅನ್ಸೋದು ಇಷ್ಟೇ. ಪೇಟೇಲಿ ಖಾಸಗಿ ಪಾರ್ಟ್ನರ್ ಆಗ್ಲೇ ಕೂತಿದಾರೆ, ಮಾರ್ಕೆಟ್ ಒಳಗಿನ ಎಂಟುನೂರಕ್ಕೂ ಹೆಚ್ಚು ಅಂಗಡಿಯೋರು, ಸಯ್ಯಾಜಿರಾವ್ ರಸ್ತೆಯ ಸೀರೆ ಅಂಗಡಿ, ಮೈಸೂರ್ ಪಾಕ್ ಅಂಗಡಿ, ಅರಸು ರೋಡಿನ ಬಟ್ಟೆಯೋರು, ಹೊರಗಡೆ ತಳ್ಳೋಗಾಡಿಯೋರು. ಇವರ ಜೊತೆ ಒಪ್ಪಂದ ಮಾಡ್ಕೊಳ್ಳೋದು ಬಿಟ್ಟು ಟೆಂಡರ್ ಕರೆದು ಊರಾಚೆಯಿಂದ ಯಾರನ್ನೋ ತರೋದ್ಯಾಕೆ?

ಮಾರ್ಕೆಟ್ ವಿಷಯಕ್ಕೇ ಬನ್ನಿ. 2012ರ ಆಗಸ್ಟಲ್ಲಿ ಪೇಟೆಯ ಇನ್ನೊಂದು ಹಳೇ ಅಂಗಡಿ ಸಾಲು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ರು. 2016ರ ಆಗಸ್ಟಲ್ಲಿ ದೇವರಾಜ ಮಾರ್ಕೆಟ್‌ದು ಧನ್ವಂತರಿ ರಸ್ತೆ ಕಡೆ ಬಿತ್ತು. ಎರಡೂ ಮಳೆಗಾಲದಲ್ಲಿ, ಇದನ್ನ ಗಮನಿಸಿ. ಆವತ್ತಿಂದ ಕೆಡವಿ ಹೊಸದು ಕಟ್ಬೇಕು ಅನ್ನೋರು ಒಂದ್ಕಡೆ, ರಿಪೇರಿ ಮಾಡಿ ಉಳಿಸ್ಬೋದು ಅನ್ನೋ ಇಂಟ್ಯಾಕ್ (ಪಾರಂಪರಿಕ ಕಟ್ಟಡ ಉಳಿಸೋ ಸಂಸ್ಥೆ)ನೋರು ಇನ್ನೊಂದ್ಕಡೆ, ಕಮಿಟಿ ಮೇಲೆ ಕಮಿಟಿ, ಆಮೇಲೆ ಕೋರ್ಟು. ಈ ಜಗಳದ ಮಧ್ಯೆ ಗೋಡೆ ಸಂದೀಲಿ ಅರಳಿ ಗಿಡ ಆರಾಮಾಗಿ ಬೆಳೀತಾ ಇದೆ. ಈ ಹಳೇ ಕಟ್ಟಡದ ಗೋಡೆ ಇಟ್ಟಿಗೆ, ಸುಣ್ಣದ ಗಾರೆ, ಮೇಲೆ ಮದ್ರಾಸ್ ಟೆರೇಸು, ಅಂದ್ರೆ ಮರದ ತೊಲೆ ಮೇಲೆ ಇಟ್ಟಿಗೆ ಗಾರೆ ಹಾಕಿದ ಛಾವಣಿ. ಸುಣ್ಣದ ಗಾರೆ ನೀರು ಕುಡಿದ್ರೂ ಬಿಸಿಲಿಗೆ ಆರ್ಕೊಳುತ್ತೆ, ಅದರ ಮೇಲೆ ಸಿಮೆಂಟ್ ಮೆತ್ತಿದ್ರೆ ನೀರು ಹೊರಗೆ ಬರೋಕೆ ದಾರಿ ಇಲ್ದೆ ಒಳಗೇ ಉಳ್ಕೊಂಡು ಇಟ್ಟಿಗೆ ಪುಡಿಯಾಗ್ತಾ ಬರುತ್ತೆ. ಇನ್ನೊಂದ್ಕಡೆ ಮೇಲಿನ ನೀರು ಇಳಿಯೋ ಪೈಪಲ್ಲಿ ಎಲೆ ಕಸ ತುಂಬ್ಕೊಂಡು ನೀರು ಛಾವಣಿ ಮೇಲೇ ನಿಲ್ಲುತ್ತೆ, ಅದು ತೊಟ್ಟಿಕ್ಕಿ ಮರದ ತೊಲೆ ಕೊಳೆಯುತ್ತೆ. ಅಂದ್ರೆ ವರ್ಷಕ್ಕೊಂದ್ಸಲ ಏಪ್ರಿಲಲ್ಲಿ ಯಾರೋ ಒಬ್ರು ಏಣಿ ಹತ್ತಿ ಪೈಪ್ ಕ್ಲೀನ್ ಮಾಡಿ ಗಿಡ ಬೇರು ಸಮೇತ ಕಿತ್ತಿದ್ರೆ ಆಗ್ತಿದ್ದ ಕೆಲಸ ಇದ್ರಲ್ಲಿ ಎಷ್ಟೋ ಇದೆ. ಆ ಕೆಲಸ ಯಾರದ್ದು ಅಂತ ಬರೆದಿಟ್ಟಿರೋ ಕಾಗದ ಮಾತ್ರ ಅಂಗಡಿಯೋರು ಯಾರೂ ನೋಡಿಲ್ಲ. ಪಾಲಿಕೆ ಅನ್ನುತ್ತೆ ಅಂಗಡಿಯೋರು ಬಾಡಿಗೆ ಕಡಿಮೆ ಕೊಡ್ತಾರೆ, ಅಂಗಡಿಯೋರು ಅಂತಾರೆ ಬಾಡಿಗೆ ತಗೊಂಡು ಒಂದು ಬಲ್ಬೂ ಹಾಕಲ್ಲ. ಇಬ್ಬರು ಹೇಳೋದೂ ನಿಜ ಸಾರ್! ಹಳೇ ಬಾಡಿಗೆಗೆ ಅಂಗಡಿ ಇಟ್ಕೊಂಡು ಒಳಬಾಡಿಗೆಗೆ ಬಿಟ್ಟು ಮನೇಲಿ ಕೂತಿರೋರೂ ಇದಾರೆ ಅಂತ ಮಾರ್ಕೆಟ್ಟಲ್ಲೇ ಮಾತಾಡ್ಕೊತಾರೆ.

ಕೆನಡಾದ ಟೊರೊಂಟೊ ಊರಿನ ಒಂದು ಕಥೆ ಇಲ್ಲಿ ಹೇಳ್ಬೇಕು, ಯಾಕಂದ್ರೆ ಅದು ನಮ್ಮದೇ ಕಥೆ ಥರ ಇದೆ. ಬ್ಲೂರ್ ವೆಸ್ಟ್ ವಿಲೇಜ್ ಅಂತ ಒಂದು ಅಂಗಡಿ ಬೀದಿ. 1960ರ ದಶಕದಲ್ಲಿ ನೆಲದಡಿ ರೈಲು ಬಂತು, ರಸ್ತೆ ಮೇಲಿನ ಟ್ರಾಮು ನಿಂತೋಯ್ತು, ಜನ ಅಂಗಡಿ ಮುಂದೆ ಇಳಿಯೋದೇ ಬಿಟ್ರು, ಮೇಲಿಂದ ಮಾಲುಗಳು ಬೇರೆ. ವ್ಯಾಪಾರಸ್ಥರು ಕೂತು ಯೋಚ್ನೆ ಮಾಡಿ, ನಮ್ಮ ಏರಿಯಾ ಅಂಗಡಿಯೋರ ಮೇಲೆ ಎಕ್ಸ್‌ಟ್ರಾ ತೆರಿಗೆ ಹಾಕಿ, ಆ ದುಡ್ಡು ನಮ್ಮ ಬೀದಿಗೇ ಖರ್ಚಾಗ್ಲಿ ಅಂತ ತಾವಾಗೇ ಕೇಳಿದ್ರು! ಅದಕ್ಕೊಂದು ಕಾನೂನು ಮಾಡಿಸಿ 1970ರಲ್ಲಿ ಶುರುವಾಯ್ತು, ಪ್ರಪಂಚದಲ್ಲೇ ಆ ಥರದ್ದು ಮೊದಲನೇದು. ದುಡ್ಡು ಕಲೆಕ್ಟ್ ಮಾಡೋದು ನಗರಾಡಳಿತ, ಆಸ್ತಿ ತೆರಿಗೆ ಜೊತೇಲೇ, ಹಂಗಾಗಿ ಒಬ್ಬ ಕೊಟ್ಟ ಇನ್ನೊಬ್ಬ ತಪ್ಪಿಸ್ಕೊಂಡ ಅನ್ನೋ ಮಾತಿಲ್ಲ. ಖರ್ಚು ಯಾವುದಕ್ಕೆ ಅಂತ ತೀರ್ಮಾನ ಮಾಡೋದು ವ್ಯಾಪಾರಸ್ಥರು ಆರಿಸಿದ ಮಂಡಳಿ. ಬೆಂಚು, ಗಿಡ, ಬೀದಿದೀಪ, ಗುಡಿಸೋದು, ಹಬ್ಬ, ಇಂಥವೇ ಸಣ್ಣಪುಟ್ಟವು. ನ್ಯೂಯಾರ್ಕಲ್ಲೂ ಇದೇ ಮಾದರಿ ಬಂತು, ಅಲ್ಲಿ ದೊಡ್ಡ ಆಸ್ತಿ ಇರೋರದ್ದೇ ದರ್ಬಾರು, ಬೀದಿ ವ್ಯಾಪಾರದೋರನ್ನ ಓಡಿಸ್ತಾರೆ ಅಂತ ದೂರೂ ಇದೆ. ಅದನ್ನೂ ಮೊದ್ಲೇ ತಿಳ್ಕೊಂಡು ಶುರು ಮಾಡೋಣ.

ನಮ್ಮಲ್ಲಿ ಈ ಥರದ್ದು ಆಗಲ್ಲ ಅನ್ನೋರಿಗೆ ಹೇಳ್ತೀನಿ, ಪ್ಲೇಗ್ ಬಂದು ಊರು ನಲುಗಿದ ಮೇಲೆ 1903ರಲ್ಲೇ ಊರು ಸುಧಾರಣೆಗೆ ಅಂತಾನೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಅನ್ನೋ ಮಂಡಳಿ ಮಾಡ್ಕೊಂಡ ಊರು ಇದು. 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತಲ್ಲ, ಅದೂ ಪಾಲಿಕೆ, ನಗರ ಭೂ ಸಾರಿಗೆ ನಿರ್ದೇಶನಾಲಯ, ಖಾಸಗಿ ಆಪರೇಟರ್ ಮೂವರೂ ಸೇರಿ ಮಾಡಿದ್ದೇ. ಸೈಕಲ್ ರಿಪೇರಿ ಯಾರು, ಸ್ಟ್ಯಾಂಡ್ ಎಲ್ಲಿ ಅಂತ ಪಾಲು ಹಂಚ್ಕೊಂಡಿದ್ರಿಂದ ಓಡ್ತು. ಸಯ್ಯಾಜಿರಾವ್ ರಸ್ತೇಲಿ ಆ ಸೈಕಲ್ ಹೊಡೆಯೋಕೆ ಜಾಗ ಬಿಡೋದು ಮಾತ್ರ ಸರ್ಕಾರದ ಪಾಲು, ಅದು ಹಂಗೇ ಉಳೀತು, ಬಸ್ಸು ಆಟೋ ಮಧ್ಯೆ ಜೀವ ಕೈಲಿಟ್ಕೊಂಡು ಹೋಗ್ಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಇಡೀ ಪೇಟೆ ಬೇಡ, ಕೆ.ಆರ್. ಸರ್ಕಲ್‌ನಿಂದ ಧನ್ವಂತರಿ ರಸ್ತೆ ಮೂಲೆವರೆಗೆ ಮಾರ್ಕೆಟ್ ಸೈಡು ಒಂದೇ ಒಂದು ತುಂಡು ತಗೊಳ್ಳಿ. ಅಲ್ಲಿನ ಅಂಗಡಿಯೋರು, ಪಾಲಿಕೆ, ಟ್ರಾಫಿಕ್ ಪೊಲೀಸು, ಬೀದಿ ವ್ಯಾಪಾರಿಗಳು ಸೇರಿ ಒಂದು ಮಂಡಳಿ ಮಾಡಿ. ಬೀದಿ ವ್ಯಾಪಾರಿಗಳನ್ನ ಸೇರಿಸೋದು ನಮ್ಮ ದೊಡ್ಡಸ್ತಿಕೆ ಅಲ್ಲ, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತೀಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದ ಹಾಗೆ ಅವರೇ ಇರ್ಬೇಕು, ಅದೇ ಲೆಕ್ಕ ಇಲ್ಲೂ ಇಟ್ಕೊಳ್ಳಿ. ರಸ್ತೆ, ಚರಂಡಿ, ಕಟ್ಟಡದ ಮೂಲ ರಿಪೇರಿ ಪಾಲಿಕೇದು, ಅದನ್ನ ಯಾರ ತಲೆಗೂ ಕಟ್ಟೋ ಹಾಗಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟಲ್ಲಿ ಮಾಡಿದ ಹಂಗೆ ವೈರು ಪೈಪು ಎಲ್ಲಾ ನೆಲದಡಿ ಡಕ್ಟಲ್ಲಿ ಹಾಕ್ಬಿಟ್ರೆ ಮತ್ತೆ ಮತ್ತೆ ಅಗೆಯೋದೂ ತಪ್ಪುತ್ತೆ. ದಿನಾ ಗುಡಿಸೋದು, ಶೌಚಾಲಯ, ರಾತ್ರಿ ಲೈಟು, ಬೋರ್ಡುಗಳು ಒಂದೇ ಅಳತೇಲಿ ಇರೋದು, ಇದೆಲ್ಲಾ ಮಂಡಳೀದು, ಅಂಗಡಿಯೋರ ದುಡ್ಡಲ್ಲಿ.

ಶೌಚಾಲಯ ಅಂದಾಗ ಒಂದು ಮಾತು. ಮಾರ್ಕೆಟ್ಟಲ್ಲಿ ಹೂವಿನ ಸಾಲಲ್ಲಿ ಕೂರೋ ಹೆಂಗಸರು ಬೆಳಿಗ್ಗೆ ಕತ್ತಲೇಲೇ ಬರ್ತಾರೆ, ಮಲ್ಲಿಗೆ ಮೊಳ ಹಾಕ್ತಾ ಸಾಯಂಕಾಲದವರೆಗೆ ಅಲ್ಲೇ. ಟೂರಿಸ್ಟುಗಳು ಇವರ ಫೋಟೋ, ಆ ಕುಂಕುಮದ ಗುಡ್ಡೆಗಳ ಫೋಟೋ ತೆಗೆದು ಪ್ರಪಂಚಕ್ಕೆಲ್ಲಾ ಕಳಿಸ್ತಾರೆ. ಅಲ್ಲಿ ಒಬ್ಬರು ಅಮ್ಮ ಹೇಳಿದ್ರು, ಮಧ್ಯಾಹ್ನದವರೆಗೆ ನೀರೇ ಕುಡಿಯಲ್ಲ ಕಣಪ್ಪ, ಕುಡಿದ್ರೆ ಎಲ್ಲಿಗ್ ಹೋಗೋದು ಅಂತ. ಬೇರೆ ಏನೂ ಆಗ್ದಿದ್ರೂ ಪರವಾಗಿಲ್ಲ, ಇದೊಂದನ್ನ ಮೊದಲನೇ ತಿಂಗಳೇ ಮಾಡಿ. 1999ರಲ್ಲಿ ಬೆಂಗಳೂರಲ್ಲಿ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿ ಆಗಿದ್ದಾಗ ಬಂದ, ಸರ್ಕಾರ ಖಾಸಗಿಯೋರು ಸೇರಿದ್ದ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಅನ್ನೋ ಸಮಿತಿ ಕಾಲದಲ್ಲಿ ಖಾಸಗಿಯೋರ ದುಡ್ಡಲ್ಲಿ ಶೌಚಾಲಯ ಕಟ್ಟಿದ್ರು, ಹೊಸ ಐಡಿಯಾ ಏನಲ್ಲ.

ಪಾರ್ಕಿಂಗ್ ಬಗ್ಗೆ ಜಾಸ್ತಿ ಬರೆಯಲ್ಲ. ಪೇಟೇಲಿ ಒಂದ್ಕಡೆ ಬೈಕ್ ನಿಲ್ಲಿಸಿದ್ರೆ ದುಡ್ಡು ಕೇಳ್ತಾರೆ, ರಸೀದಿ ಕೇಳಿದ್ರೆ ನಮ್ಮನ್ನೇ ಗುರಾಯಿಸ್ತಾರೆ. ಆ ದುಡ್ಡು ಆ ಬೀದಿಗೇ ಬರೋ ಹಂಗೆ ಮಾಡಿದ್ರೆ ಅರ್ಧ ಖರ್ಚು ಅಲ್ಲೇ ಹುಟ್ಟುತ್ತೆ ಅಂತ ನನ್ನ ಲೆಕ್ಕ.

ಬಾಡಿಗೆ ವಿಷಯದಲ್ಲಿ ಅಂಗಡಿಯೋರು ನನ್ನ ಮೇಲೆ ಬೇಜಾರಾಗ್ಬೋದು, ಆದ್ರೂ ಹೇಳ್ತೀನಿ. ಬಾಡಿಗೆ ಜಾಸ್ತಿ ಆಗ್ಲೇಬೇಕು, ನಿಧಾನಕ್ಕೆ, ಮೆಟ್ಟಿಲು ಮೆಟ್ಟಿಲಾಗಿ. ಅದಕ್ಕೆ ಪ್ರತಿಯಾಗಿ ರಿಪೇರಿ ಟೈಮಲ್ಲಿ ಅವರನ್ನ ಎಲ್ಲಿ ಕೂರಿಸ್ತೀರ, ವಾಪಸ್ ಅದೇ ಜಾಗ ಯಾವಾಗ ಕೊಡ್ತೀರ ಅಂತ ಪಾಲಿಕೆ ಮೊದ್ಲೇ ಬರೆದುಕೊಡ್ಬೇಕು. ಸದ್ಯಕ್ಕೆ ಬೇರೆ ಕಡೆ ಹೋಗಿ ಅಂದ್ರೆ ಯಾರೂ ನಂಬಲ್ಲ, ಯಾಕಂದ್ರೆ ಈ ಊರಲ್ಲಿ ಸದ್ಯಕ್ಕೆ ಅಂದಿದ್ದು ಹತ್ತು ವರ್ಷ ಎಳೆಯೋದನ್ನ ಎಲ್ಲರೂ ಕಣ್ಣಾರೆ ನೋಡಿದಾರೆ. ಆ ಒಪ್ಪಂದ ಇಂಗ್ಲಿಷಲ್ಲಿ ನೂರು ಪುಟ ಬರೆದು ಫೈಲಲ್ಲಿ ಇಡ್ಬೇಡಿ, ಕನ್ನಡದಲ್ಲಿ ನಾಲ್ಕು ಪುಟ ಮಾಡಿ ಮಾರ್ಕೆಟ್ ಗೇಟಿಗೆ ಅಂಟಿಸಿ.

ಮೀಟಿಂಗ್ ಕರೆಯೋದಾದ್ರೆ ಪಾಲಿಕೆ ಆಫೀಸಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬೇಡ ಸಾರ್, ಅದು ವ್ಯಾಪಾರದ ಟೈಮು, ಬರೋದು ಬರೀ ಸಂಘದ ಪದಾಧಿಕಾರಿಗಳೇ. ಮಧ್ಯಾಹ್ನ ಮೂರಕ್ಕೆ ಮಾರ್ಕೆಟ್ ಒಳಗಡೇನೇ ಇಡಿ, ಮಂಗಳವಾರ ಶುಕ್ರವಾರ ಬಿಟ್ಟು. ಇಂಜಿನಿಯರ್‌ನ ಕರ್ಕೊಂಡ್ ಬನ್ನಿ, ಜೊತೆಗೆ ಒಂದು ಏಣಿ ತರಿಸಿ, ಛಾವಣಿ ಮೇಲಿನ ಪೈಪು ಆವತ್ತೇ ನೋಡ್ಬಿಡೋಣ.

ಇಂತಿ,
ಪೇಟೆಗೆ ಈಗ್ಲೂ ಬರೋ ಒಬ್ಬ ಮೈಸೂರಿಗ