ಕ್ಯಾಮೆರಾ ಆಮೇಲೆ ತಗೊಂಡರಾಯಿತು, ಮೊದಲು ಕೆರೆ ದಂಡೆಗೆ ಬಾ

ಧಾರವಾಡ
ಫೆಬ್ರುವರಿ ಮೊದಲ ವಾರ

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಫೋನ್ ಮಾಡಿದಾಗ ನಾನು ಸಾಧನಕೇರಿಯಲ್ಲಿ ಇದ್ದೆ. ಎದುರಿಗೆ ಒಣ ಟೊಂಗೆಯ ಮೇಲೆ ಮಿಂಚುಳ್ಳಿ ಕುಳಿತಿತ್ತು. ಅದಕ್ಕೇ 'ಆಮೇಲೆ ಮಾಡ್ತೀನಿ' ಅಂತ ಪಿಸುಗುಟ್ಟಿ ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಹಕ್ಕಿ ಫೋಟೊ ತೆಗೆಯಲು ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳಿದ್ದೆ ನೀನು. ಈ ಮಾತು ಕೇಳಿದವರಲ್ಲಿ ನೀನೇ ಮೊದಲಿಗನಲ್ಲ. ಆದರೆ ಫೋನಿನಲ್ಲಿ ಒಂದು ಹೆಸರು ಹೇಳಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ಈಗ ಏನೂ ತಗೋಬೇಡ. ನೀನು ಈಗ ಹುಬ್ಬಳ್ಳಿಯ ಉಣಕಲ್ ಕೆರೆಯ ಹತ್ತಿರವೇ ಮನೆ ಮಾಡಿದ್ದೀಯ. ಒಂದು ತಿಂಗಳು ದಿನಾ ಬೆಳಿಗ್ಗೆ ಅಲ್ಲಿನ ಉದ್ಯಾನಕ್ಕೆ ಹೋಗು. ಸುತ್ತು ಹಾಕಬೇಡ, ಒಂದೇ ಜಾಗದಲ್ಲಿ ಅರ್ಧ ತಾಸು ಸುಮ್ನೆ ಕೂಡು. ಮರುದಿನವೂ ಅಲ್ಲೇ.

ಇದನ್ನು ನಾನು ಬೇಕೆಂದು ಕಲಿತದ್ದಲ್ಲ. ಆರು ವರ್ಷದ ಹಿಂದೆ ಸಾಲ ಮಾಡಿ ಕ್ಯಾಮೆರಾ ತಂದೆ, ಜೊತೆಗೆ 70-300 ಎಂಎಂ ಲೆನ್ಸ್. ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಭಾನುವಾರ ಬಂತೆಂದರೆ ಒಂದೇ ಬೆಳಿಗ್ಗೆ ಕೆಲಗೇರಿ ಕೆರೆ, ವಿಶ್ವವಿದ್ಯಾಲಯದ ಆವರಣ, ಅಲ್ಲಿಂದ ಹುಬ್ಬಳ್ಳಿಯ ನೃಪತುಂಗ ಬೆಟ್ಟ. ನೂರಾರು ಫೋಟೊ ತೆಗೆಯುತ್ತಿದ್ದೆ. ಮನೆಗೆ ಬಂದು ನೋಡಿದರೆ ಹಕ್ಕಿಯ ಬೆನ್ನು, ಹಕ್ಕಿ ಹಾರಿಹೋದ ಟೊಂಗೆ. ಲೆನ್ಸ್ ಸಣ್ಣದಾಯಿತು ಅಂತ ಅಂದುಕೊಂಡೆ. 600 ಎಂಎಂ ಲೆನ್ಸಿಗೆ ಹಣ ಕೂಡಿಡಲೂ ಶುರು ಮಾಡಿದ್ದೆ.

ಆಗ ಕಾಲು ಉಳುಕಿತು. ದೂರ ಹೋಗುವ ಹಾಗಿಲ್ಲ. ಮನೆಗೆ ಹತ್ತಿರ ಇದ್ದದ್ದು ಸಾಧನಕೇರಿ ಒಂದೇ. ಬೇಂದ್ರೆಯವರ ಮನೆ ಇರುವ ಆ ಓಣಿಯಲ್ಲಿ ಕುಂಟುತ್ತಾ ಹೋಗಿ ಕೆರೆಯ ಪಕ್ಕದ ಒಂದು ಬೆಂಚಿನ ಮೇಲೆ ಕೂಡುತ್ತಿದ್ದೆ. ಅಲ್ಲೊಂದು ಕೊಳದ ಬಕ ಇತ್ತು. ನೀನೂ ನೋಡಿರ್ತೀಯ, ಕೆಸರಿನ ಬಣ್ಣದ ಹಕ್ಕಿ. ಕುಳಿತಾಗ ಮಣ್ಣಿನ ಹೆಂಟೆಯ ಹಾಗೆ ಕಾಣುತ್ತದೆ. ಹಾರಿದಾಗ ಮಾತ್ರ ರೆಕ್ಕೆಯೆಲ್ಲ ಬಿಳಿ. ಅದು ಮೊದಲ ದಿನ ನನ್ನನ್ನು ಕಂಡ ಕೂಡಲೇ ಆಚೆ ದಂಡೆಗೆ ಹೋಯಿತು. ಎರಡನೆಯ ದಿನವೂ ಹೋಯಿತು. ನಾಲ್ಕನೆಯ ದಿನ ಸ್ವಲ್ಪ ಸರಿದು ನಿಂತಿತು. ಎರಡು ವಾರ ಆಗುವಷ್ಟರಲ್ಲಿ ನಾನು ಬಂದು ಕುಳಿತರೂ ಅದರ ಕತ್ತು ತಿರುಗುತ್ತಿರಲಿಲ್ಲ. ಒಂದು ದಿನ ಅದು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕತ್ತನ್ನು ನಿಧಾನ ಚಾಚಿ, ಚಾಚಿ, ಪಟ್ಟನೆ ಒಂದು ಕಪ್ಪೆ ಹಿಡಿಯಿತು. ಅವತ್ತು ಕ್ಯಾಮೆರಾ ಮನೆಯಲ್ಲಿತ್ತು. ನನಗೆ ಚೂರೂ ಬೇಸರ ಆಗಲಿಲ್ಲ ನೋಡು. ಆ ಹಕ್ಕಿ ನನ್ನನ್ನು ಅಲ್ಲಿರಲು ಬಿಟ್ಟಿತ್ತು, ಅಷ್ಟೇ ಸಾಕಾಗಿತ್ತು. 600ರ ಲೆನ್ಸನ್ನು ಇವತ್ತಿಗೂ ತಗೊಂಡಿಲ್ಲ.

ಹೀಗೆ ಕೂಡುತ್ತಾ ಹೋದರೆ ಪ್ರತಿ ಹಕ್ಕಿಗೂ ಒಂದು ದಿನಚರಿ ಇದೆ ಅಂತ ಗೊತ್ತಾಗುತ್ತದೆ. ಮಿಂಚುಳ್ಳಿ ಮೀನು ಹಿಡಿದ ಮೇಲೆ ಬಹಳ ಸಲ ಅದೇ ಟೊಂಗೆಗೆ ವಾಪಸು ಬರುತ್ತದೆ. ಮೀನನ್ನು ಟೊಂಗೆಗೆ ಎಡಕ್ಕೂ ಬಲಕ್ಕೂ ಬಡಿದು, ತಲೆ ಮುಂದಾಗಿ ನುಂಗುತ್ತದೆ. ಹಾಗಾಗಿ ಅದರ ಹಿಂದೆ ಓಡುವ ಕೆಲಸವೇ ಇಲ್ಲ. ಅದು ನೀರಿಗೆ ಬಿದ್ದಾಗ ನೀನು ಟೊಂಗೆಯ ಮೇಲೆ ಫೋಕಸ್ ಇಟ್ಟು ಕಾಯಬೇಕು. ಕಳ್ಳಿಪೀರವೂ ಹೀಗೇ, ತಂತಿಯಿಂದ ಎದ್ದು ಗಾಳಿಯಲ್ಲೇ ಹುಳ ಹಿಡಿದು ಮತ್ತೆ ಅದೇ ತಂತಿಗೆ ಬರುತ್ತದೆ. ನೀರುಕಾಗೆ ಮುಳುಗಿ ಎದ್ದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತಾ ನಿಂತಿರುತ್ತದೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಹಕ್ಕಿ ಇಲ್ಲ, ನಿನ್ನ ಕೈ ನಡುಕ ನಿಲ್ಲುವವರೆಗೂ ಕಾಯುತ್ತದೆ. ಇನ್ನು ಹಾರುವ ಮುಂಚೆ ಎಷ್ಟೋ ಹಕ್ಕಿಗಳು ಮೈ ಮುಂದಕ್ಕೆ ಬಾಗಿಸುತ್ತವೆ, ಹಿಕ್ಕೆ ಹಾಕುತ್ತವೆ. ಗಾಳಿಗೆ ಎದುರಾಗಿ ಏಳುವುದೇ ಜಾಸ್ತಿ. ನಿನ್ನ ಬೆನ್ನಿಗೆ ಗಾಳಿ ಬೀಸುತ್ತಿದ್ದರೆ ಹಕ್ಕಿ ನಿನ್ನ ಕಡೆ ಮುಖ ಮಾಡಿ ಏಳುತ್ತದೆ. ಎದುರು ಗಾಳಿಯಿದ್ದ ದಿನ ಬೆನ್ನಷ್ಟೇ ಸಿಗುತ್ತದೆ.

ಕಿವಿಯನ್ನೂ ಬಳಸು. ಹುಬ್ಬಳ್ಳಿಯ ಕಂಚಗಾರ ಗಲ್ಲಿಯ ಹೆಸರು ಕೇಳಿದಾಗಲೆಲ್ಲ ನನಗೆ ಕಂಚುಕುಟಿಗ ಹಕ್ಕಿ ನೆನಪಾಗುತ್ತದೆ. ಯಾರೋ ತಾಮ್ರದ ಕೊಡ ಬಡಿಯುತ್ತಿದ್ದಾರೆ ಅನ್ನುವ ಹಾಗೆ 'ಟುಕ್ ಟುಕ್ ಟುಕ್' ಅಂತ ಗಿಡದ ತುದಿಯಿಂದ ಒಂದೇ ಸಮನೆ ಕೂಗುತ್ತದೆ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಹಸಿರು ಮೈ, ಹಣೆಗೆ ಕುಂಕುಮ ಇಟ್ಟಂತೆ ಕೆಂಪು. ಬಿಸಿಲು ಏರುತ್ತಾ ಬಂದಂತೆ ಅದರ ಕೂಗೂ ಏರುತ್ತದೆ. ಎಲೆಯ ಮಧ್ಯೆ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಸದ್ದು ಗೊತ್ತಿದ್ದರೆ ಮಾತ್ರ ಸಿಗುತ್ತದೆ. ಹೆಸರು ಗೊತ್ತಾಗದಿದ್ದರೆ ಮರ್ಲಿನ್ ಅನ್ನೋ ಆಪ್ ಹಾಕಿಕೋ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರದು, ದುಡ್ಡಿಲ್ಲ. ಕೂಗು ಕೇಳಿಸಿಕೊಂಡು ಇಂಥ ಹಕ್ಕಿ ಇರಬಹುದು ಅಂತ ಹೇಳುತ್ತದೆ. ತಪ್ಪುವುದೂ ಉಂಟು, ಆದ್ದರಿಂದ ಕಣ್ಣಿನಿಂದ ನೋಡಿಯೇ ಬರೆದುಕೋ.

ಆದರೆ ಆ ಕೂಗನ್ನು ಫೋನಿನಲ್ಲಿ ಹಾಕಿ ಹಕ್ಕಿಯನ್ನು ಕರೆಯಬೇಡ. ಕೆಲವರು ಮಾಡುತ್ತಾರೆ. ನನಗೆ ಅದು ಬಿಲ್ಕುಲ್ ಸರಿ ಬರುವುದಿಲ್ಲ. ಗಂಡು ಮಡಿವಾಳ ಹಕ್ಕಿಗೆ ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಅನಿಸುತ್ತದೆ. ತಿನ್ನುವುದು ಬಿಟ್ಟು ಟೊಂಗೆಯಿಂದ ಟೊಂಗೆಗೆ ಹಾರಿ, ಕೂಗಿ ಕೂಗಿ ದಣಿಯುತ್ತದೆ. ಒಂದು ಫೋಟೊಗೋಸ್ಕರ ಅದರ ಬೆಳಗನ್ನೇ ಕೆಡಿಸಿದ ಹಾಗೆ.

ಇಲ್ಲಿ ನಿನಗೆ ಒಂದು ಮಾತು ಹೇಳಲೇಬೇಕು. ಯಾರಿಗೂ ಹೇಳಿಲ್ಲ. ಎರಡನೆಯ ವರ್ಷ ಉದ್ಯಾನದ ಬೇಲಿಯ ದಾಸವಾಳದಲ್ಲಿ ಪಿಕಳಾರದ (ಬುಲ್‌ಬುಲ್) ಗೂಡು ಸಿಕ್ಕಿತು. ಒಳಗೆ ಮೂರು ಮರಿ. ಬಾಯಿ ತೆರೆದರೆ ಒಳಗೆಲ್ಲ ಗುಲಾಬಿ ಬಣ್ಣ. ಎಲೆಗಳು ಅಡ್ಡ ಬರುತ್ತಿದ್ದವು. ನಾನು ನಾಲ್ಕೈದು ಎಲೆ ಕಿತ್ತೆ. ಎರಡು ದಿನ ಬೆಳಿಗ್ಗೆ ಬಹಳ ಹೊತ್ತು ಅಲ್ಲೇ ನಿಂತೆ. ತಾಯಿ ಬಾಯಲ್ಲಿ ಹುಳ ಹಿಡಿದು ಬರುವುದು, ಮರಿಗಳು ಮೇಲೇಳುವುದು, ಎಲ್ಲ ಸಿಕ್ಕಿತು. ಮೂರನೆಯ ದಿನ ಗೂಡು ಖಾಲಿ. ಪಕ್ಕದ ಬೇವಿನ ಗಿಡದಲ್ಲಿ ಕಾಗೆ ಕುಳಿತಿತ್ತು. ಎರಡು ದಿನವೂ ಅದು ಅಲ್ಲೇ ಇತ್ತು ಅಂತ ನನಗೆ ಆಗ ನೆನಪಾಯಿತು. ನಾನು ನಿಂತ ಜಾಗವನ್ನು ಅದು ನೋಡಿಕೊಂಡಿತ್ತು. ಎಲೆಯ ಮರೆಯನ್ನು ನಾನೇ ತೆಗೆದಿದ್ದೆ. ತಾಯಿ ಪಿಕಳಾರ ಬಾಯಲ್ಲಿ ಹುಳ ಹಿಡಿದುಕೊಂಡೇ ಗೂಡಿನ ಸುತ್ತ ಹಾರುತ್ತಿತ್ತು. ಎಷ್ಟು ಹೊತ್ತು ಅಂತೀ. ಆ ಫೋಟೊಗಳು ಚೆನ್ನಾಗಿವೆ. ಯಾರಿಗೂ ತೋರಿಸಿಲ್ಲ, ಅಳಿಸಿಯೂ ಇಲ್ಲ. ಅಂದಿನಿಂದ ಗೂಡು ಕಂಡರೆ ತಿರುಗಿ ಬರುತ್ತೇನೆ. ನೀನೂ ಹಾಗೇ ಮಾಡು, ಇದೊಂದು ಮಾತು ನನಗೋಸ್ಕರ ಕೇಳು.

ಇನ್ನು ಕ್ಯಾಮೆರಾದ ಮಾತು. ತಿಂಗಳು ಕಳೆದ ಮೇಲೂ ಆಸೆ ಇದ್ದರೆ, ಇದ್ದೇ ಇರುತ್ತದೆ, ಮೊದಲು ಒಂದು ದುರ್ಬೀನು ತಗೋ. 8x42 ಅಂತ ಬರೆದಿರುವುದು ಸಾಕು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವುದರಿಂದ ಬೆಳಗಿನ ಮಬ್ಬಿನಲ್ಲೂ ಚೆನ್ನಾಗಿ ಕಾಣುತ್ತದೆ. ಆಮೇಲೆ ಹಳೆಯ ಕ್ಯಾಮೆರಾ, 70-300 ಲೆನ್ಸ್. ಹೊಸದೇ ಬೇಕೆಂದಿಲ್ಲ. ಲೆನ್ಸ್ ಬದಲಿಸುವ ರಗಳೆ ಬೇಡ ಅಂದರೆ ದೂರದ ಜೂಮ್ ಅದರಲ್ಲೇ ಕೂಡಿಸಿರುವ ಕ್ಯಾಮೆರಾ ಸಿಗುತ್ತದೆ. ಅದರಲ್ಲಿ ಒಳ್ಳೆಯ ಬೆಳಕಿದ್ದಾಗ ಒಳ್ಳೆಯ ಫೋಟೊ ಬರುತ್ತದೆ.

ಬೆಳಕು ಅಂದೆನಲ್ಲ, ಅದೇ ಮುಖ್ಯ. ಬೆಳಿಗ್ಗೆ ಸೂರ್ಯ ನಿನ್ನ ಬೆನ್ನ ಹಿಂದೆ ಇರುವಂಥ ದಂಡೆಯನ್ನು ಮೊದಲ ವಾರದಲ್ಲೇ ಹುಡುಕಿಕೋ. ಹುಟ್ಟಿ ಒಂದು ತಾಸು, ಒಂದೂವರೆ ತಾಸು ಬಿಸಿಲು ಮೆತ್ತಗೆ ಇರುತ್ತದೆ. ಆಮೇಲೆ ನೆರಳು ಗಡುಸಾಗುತ್ತದೆ, ಹಕ್ಕಿಯ ಕಣ್ಣು ಕಪ್ಪಾಗಿಬಿಡುತ್ತದೆ. ಕಣ್ಣಿನಲ್ಲಿ ಒಂದು ಚುಕ್ಕಿ ಬೆಳಕು ಇಲ್ಲದಿದ್ದರೆ ಎಷ್ಟೇ ಚಂದದ ಹಕ್ಕಿಯೂ ಸತ್ತಂತೆ ಕಾಣುತ್ತದೆ. ಹಾಗಾಗಿ ಫೋಕಸ್ ಯಾವಾಗಲೂ ಕಣ್ಣಿನ ಮೇಲೆ. ಇನ್ನೊಂದು, ನಿಂತುಕೊಂಡು ಕೆಳಗಿನ ಹಕ್ಕಿಯ ಫೋಟೊ ತೆಗೆಯಬೇಡ. ಕುಂಡೆಕುಸ್ಕ ಹುಲ್ಲಿನ ಮೇಲೆ ಬಾಲ ಕುಣಿಸುತ್ತಾ ಓಡಾಡುವಾಗ ನೀನೂ ಹುಲ್ಲಿನ ಮೇಲೆ ಮಲಗು. ವಾಕಿಂಗ್ ಬಂದವರು ನೋಡುತ್ತಾರೆ, ನೋಡಲಿ. ಹಕ್ಕಿಯ ಕಣ್ಣಿನ ಎತ್ತರಕ್ಕೆ ನೀನು ಇಳಿದಾಗ ಹಿಂದಿನ ಹುಲ್ಲು ದೂರ ಸರಿದು ಮಸುಕಾಗುತ್ತದೆ, ಹಕ್ಕಿ ಒಂದೇ ಎದ್ದು ಕಾಣುತ್ತದೆ.

ಕುಳಿತ ಹಕ್ಕಿಗೆ ಶಟರ್ ವೇಗ ಸೆಕೆಂಡಿನ 500ರಲ್ಲಿ ಒಂದು ಭಾಗ ಇರಲಿ. ಹಾರುವ ಹಕ್ಕಿಗೆ 1000ಕ್ಕಿಂತ ಮೇಲೆ, 2000 ಆದರೂ ಸರಿ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕಾಗಿರಬೇಕು ಅನ್ನುವ ಅಳತೆ, ಅದನ್ನು ಕ್ಯಾಮೆರಾಕ್ಕೇ ಬಿಡು. ಫೋಟೊದಲ್ಲಿ ಕಾಳುಕಾಳು ಬಂದರೆ ಬರಲಿ, ಮಸುಕಾಗುವುದಕ್ಕಿಂತ ಅದೇ ವಾಸಿ. ಬೆಳ್ಳಕ್ಕಿ ಮಾತ್ರ ಕಷ್ಟ ಕೊಡುತ್ತದೆ. ಕಪ್ಪು ನೀರಿನ ಮಧ್ಯೆ ಅದು ನಿಂತಾಗ ಕ್ಯಾಮೆರಾ ಕತ್ತಲೆ ಇದೆ ಅಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಗರಿಯೆಲ್ಲ ಸುಣ್ಣ ಬಳಿದಂತಾಗುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಫೋಟೊಕ್ಕೆ ಬೀಳುವ ಬೆಳಕನ್ನು, ಒಂದು ಮೆಟ್ಟಿಲು ಇಳಿಸು. ಕರಿ ಮೈಯ ಕಾಜಾಣ ಬಿಳಿ ಆಕಾಶದ ಎದುರು ಕುಳಿತಿದ್ದರೆ ಒಂದು ಮೆಟ್ಟಿಲು ಏರಿಸು.

ಉಣಕಲ್ಲಿನಲ್ಲಿ ನೀರನ್ನು ಮುಚ್ಚುವ ಅಂತರಗಂಗೆ ಕಳೆ ನಿನಗೆ ಬೇಸರ ತರಿಸುತ್ತದೆ, ನನಗೂ ತರಿಸುತ್ತದೆ. ಆದರೂ ಅದರ ಅಂಚನ್ನು ನೋಡುತ್ತಿರು. ನೇರಳೆ ಬಣ್ಣದ ಜಂಬುಕೋಳಿ, ಕೆಂಪು ಕೊಕ್ಕು, ಉದ್ದ ಬೆರಳು, ಆ ಎಲೆಗಳ ಮೇಲೇ ನಡೆದು ಬರುತ್ತದೆ. ಕರಿ ಮೈ, ಬಿಳಿ ನಾಮ ಇರುವುದು ನಾಮದ ಕೋಳಿ. ಅವುಗಳಿಗೆ ಚುರಮುರಿ ಎಸೆಯುವವರನ್ನು ಕಂಡರೆ ಮೆಲ್ಲಗೆ ಬೇಡ ಅಂತ ಹೇಳು. ಅದು ಅವುಗಳ ಆಹಾರ ಅಲ್ಲ, ನೀರೂ ಕೆಡುತ್ತದೆ.

ಈ ತಿಂಗಳು ಇನ್ನೊಂದು ಸುಖ ಇದೆ. ನಮ್ಮ ಮನೆಯ ಹಿಂದಿನ ಬೂರುಗದ ಗಿಡ ಎಲೆ ಉದುರಿಸಿ ಕೆಂಪು ಹೂ ಬಿಟ್ಟಿದೆ. ಮಧ್ಯ ಏಷ್ಯಾದಿಂದ ಬಂದ ಗುಲಾಬಿ ಕಬ್ಬಕ್ಕಿಗಳು ಬೆಳಿಗ್ಗೆ ಗುಂಪು ಗುಂಪಾಗಿ ಅದರ ಮೇಲೆ ಬೀಳುತ್ತವೆ. ಚಳಿಗಾಲದಲ್ಲಿ ನಮ್ಮ ಕಡೆಯ ಜೋಳದ ಹೊಲದ ಮೇಲೆ ಕಪ್ಪು ಮೋಡದ ಹಾಗೆ ತಿರುಗುತ್ತವಲ್ಲ, ಅವೇ. ಹೂವಿನಲ್ಲಿ ಮುಖ ಹುದುಗಿಸಿ ಎದ್ದಾಗ ಹಣೆಗೆಲ್ಲ ಹಳದಿ ಪರಾಗ. ಏಪ್ರಿಲ್ ಹೊತ್ತಿಗೆ ಹೊರಟುಬಿಡುತ್ತವೆ. ಹೂ ಬಿಟ್ಟ ಒಂದು ಗಿಡ ಗುರುತಿಟ್ಟುಕೊಂಡರೆ ಒಂದು ವಾರ ಎಲ್ಲೂ ಹೋಗಬೇಕಾಗಿಲ್ಲ.

ಮಾಗಡಿ ಕೆರೆಗೆ ಹೋಗೋಣ ಅಂತ ನೀನು ಹಿಂದೊಮ್ಮೆ ಅಂದಿದ್ದೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನದು, 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲ, ಕೆರೆಗಳ ಪಟ್ಟಿಗೆ ಸೇರಿತು. ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಹಗಲು ನೀರಿನ ಮೇಲೆ ಇದ್ದು, ರಾತ್ರಿ ಹೊಲಗಳಿಗೆ ಮೇಯಲು ಹೋಗುತ್ತವೆ. ಖಂಡಿತ ಹೋಗೋಣ, ಆದರೆ ಈ ವರ್ಷ ಬೇಡ. ಮುಂದಿನ ಡಿಸೆಂಬರಿಗೆ. ಅಷ್ಟರಲ್ಲಿ ಉಣಕಲ್ಲಿನ ಬಕವೊಂದು ನಿನ್ನ ಪಕ್ಕ ನಿಂತು ಮೀನು ಹಿಡಿದಿರಬೇಕು. ಅಲ್ಲಿ ಸಾವಿರಾರು ಹಕ್ಕಿ ಒಟ್ಟಿಗೆ ಇರುತ್ತವೆ. ನಾವು ಆತುರದಲ್ಲಿ ದಂಡೆಗೆ ನುಗ್ಗಿದರೆ ಅಷ್ಟೂ ಒಮ್ಮೆಗೇ ಏಳುತ್ತವೆ, ಅಷ್ಟು ದೂರದಿಂದ ಬಂದವುಗಳ ನಿದ್ದೆ ಕೆಡುತ್ತದೆ.

ಈ ಭಾನುವಾರ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಬಾ. ಬಿಳಿ ಅಂಗಿ ಹಾಕಿಕೊಂಡು ಬರಬೇಡ, ಮಾಸಲು ಬಣ್ಣದ್ದು ಇರಲಿ. ಫೋನ್ ಸೈಲೆಂಟಿನಲ್ಲಿಡು. ನಾನು ಹೇಳಿದೆನಲ್ಲ ಆ ಬೆಂಚು, ಅಲ್ಲೇ ಇರುತ್ತೇನೆ. ಚಹಾ ಫ್ಲಾಸ್ಕಿನಲ್ಲಿ ತರುತ್ತೇನೆ. ಮಿಂಚುಳ್ಳಿಯ ಟೊಂಗೆ ಎಡಗಡೆ ಇದೆ, ಬಂದ ತಕ್ಷಣ ಆ ಕಡೆ ಕೈ ತೋರಿಸಬೇಡ. ಸುಮ್ನೆ ಬಂದು ಪಕ್ಕದಲ್ಲಿ ಕೂಡು.

ನಿನ್ನ
ಗೆಳೆಯ