ಜಿಡ್ಡು ಕೂದಲಿನ ಪುಟ್ಟ ನಾಯಿಗಳ ಸ್ನಾನ ಬದಲಾಗ್ತಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ ಎಲ್ರಿಗೂ,

ಮುಂದಿನ ತಿಂಗಳು ಒಂದನೇ ತಾರೀಖಿಂದ ನಮ್ಮ ಗ್ರೂಮಿಂಗ್ ಅಂಗಡೀಲಿ ಒಂದು ಬದಲಾವಣೆ ಆಗ್ತಿದೆ. ಶಿಟ್ಸು, ಲಾಸಾ, ಪಗ್, ಡ್ಯಾಶ್‌ಹೌಂಡ್ ಥರದ ಸಣ್ಣ ನಾಯಿಗಳಲ್ಲಿ ಯಾವುದಕ್ಕೆ ಮೈ ಜಿಡ್ಡು ಜಿಡ್ಡಾಗಿರತ್ತೋ ಅದಕ್ಕೆ ಮಾಮೂಲಿ ಬಾತ್ ಪ್ಯಾಕೇಜ್ ಇರಲ್ಲ, ಬೇರೆ ಸ್ಲಾಟ್ ಇರತ್ತೆ, ಒಂದೂವರೆ ಗಂಟೆದು, ರೇಟು 250 ರೂಪಾಯಿ ಜಾಸ್ತಿ. ಜೊತೆಗೆ ಕೊಬ್ಬರಿ ಎಣ್ಣೆ ಮಸಾಜು ಮತ್ತೆ ಕೊನೇಲಿ ಹೊಡೀತಿದ್ದ ಪರ್ಫ್ಯೂಮ್, ಇವೆರಡೂ ಈ ನಾಯಿಗಳಿಗೆ ಇನ್ಮೇಲೆ ಇಲ್ಲ. ರೇಟು ಜಾಸ್ತಿ ಆಯ್ತು ಅಂದ್ರೆ ಯಾರಿಗಾದ್ರೂ ಬೇಜಾರಾಗತ್ತೆ, ಅದಕ್ಕೆ ಯಾಕೆ ಏನು ಅಂತ ಪೂರ್ತಿ ಬರೀತಿದೀವಿ, ದಯವಿಟ್ಟು ಓದಿ.

ಮೊದಲು ನಿಮ್ಮ ನಾಯಿ ಈ ಲೆಕ್ಕಕ್ಕೆ ಬರತ್ತಾ ಅಂತ ಮನೇಲೇ ನೋಡ್ಕೋಬಹುದು. ಸ್ನಾನ ಆಗಿ ಮೂರ್ನಾಲ್ಕು ದಿನ ಆದ್ಮೇಲೆ ಬೆನ್ನಿನ ಕೂದ್ಲನ್ನ ಎರಡು ಕಡೆ ಬಿಡಿಸಿ ಚರ್ಮದ ಮೇಲೆ ಒಂದು ಟಿಶ್ಯೂ ಪೇಪರ್ ಒತ್ತಿ ಹಿಡೀರಿ, ಬಜ್ಜಿ ಸುತ್ತಿದ ಪೇಪರ್ ಥರ ಕಲೆ ಬಿತ್ತು ಅಂದ್ರೆ ಜಿಡ್ಡಿದೆ. ಆಮೇಲೆ ಕಿವಿ ಹಿಂದೆ, ಕುತ್ತಿಗೆ ಕೆಳಗೆ, ಕಂಕುಳಲ್ಲಿ, ಕಾಲ್ಬೆರಳ ಸಂದಿಲಿ ಮೂಸಿ ನೋಡಿ, ಹಳೇ ಎಣ್ಣೆ ಕಮಟು ವಾಸನೆ ಬರತ್ತೆ. ಸಣ್ಣ ಹಲ್ಲಿನ ಬಾಚಣಿಗೆ ಹಾಕಿದ್ರೆ ಹಲ್ಲಿನ ಬುಡದಲ್ಲಿ ಹಳದಿ ಮೇಣದ ಥರ ಒಂದು ಅಂಟು, ಅದರೊಳಗೆ ಹೊಟ್ಟು ಸಿಕ್ಕಾಕೊಂಡಿರತ್ತೆ. ಬಿಳೀ ನಾಯಿ ಆದ್ರೆ ಪಾದದ ಸಂದಿ ಕಂದು ಬಣ್ಣಕ್ಕೆ ತಿರುಗಿರೋದೂ ಕಾಣತ್ತೆ, ನೆಕ್ಕಿ ನೆಕ್ಕಿ ಆಗಿರೋದು.

ಇದನ್ನ ಕೊಳೆ ಅಂತ ತುಂಬಾ ಜನ ಅಂದ್ಕೋತಾರೆ, "ನಿನ್ನೆ ಮೊನ್ನೆ ತೊಳ್ಸಿದೀವಿ ಮೇಡಂ, ಆಗ್ಲೇ ವಾಸನೆ" ಅಂತ ಫೋನ್ ಬರತ್ತೆ. ಕೊಳೆ ಅಲ್ಲ ಇದು, ಚರ್ಮದ್ದೇ ಕೆಲಸ. ಕೂದ್ಲ ಬುಡದಲ್ಲಿರೋ ಗ್ರಂಥಿಗಳು ಸೀಬಮ್ ಅನ್ನೋ ಎಣ್ಣೆ ಬಿಡ್ತಾವೆ, ಅದು ಬೇಕೇ ಬೇಕು, ಚರ್ಮ ಒಣಗದ ಹಾಗೆ ನೀರು ಒಳಗೆ ಇಳೀದ ಹಾಗೆ ಕಾಯೋದೇ ಅದು. ಈ ನಾಯಿಗಳಲ್ಲಿ ಅದು ಅತಿಯಾಗತ್ತೆ, ಜೊತೆಗೆ ಚರ್ಮದ ಮೇಲ್ಪದರ ಹೊಸದಾಗೋ ವೇಗಾನೂ ತಪ್ಪತ್ತೆ. ಆರೋಗ್ಯವಾಗಿರೋ ನಾಯಿಗೆ ಆ ಪದರ ಬದಲಾಗೋಕೆ ಸುಮಾರು ಮೂರು ವಾರ ಬೇಕು, ಈ ತೊಂದರೆ ಇರೋ ಕಾಕರ್ ಸ್ಪ್ಯಾನಿಯಲ್‌ಗಳಲ್ಲಿ ಅದು ಏಳೆಂಟು ದಿನಕ್ಕೇ ಆಗೋಗತ್ತೆ, ಅಷ್ಟು ಬೇಗ ಉದುರಿದ ಹೊಟ್ಟು ಎಣ್ಣೇಲಿ ಅಂಟ್ಕೊಂಡು ಅಲ್ಲೇ ಕೂರತ್ತೆ. ಡಾಕ್ಟ್ರು ಇದಕ್ಕೆ ಸೆಬೊರಿಯಾ ಅಂತಾರೆ. ಆ ಜಿಡ್ಡಲ್ಲಿ, ಅದರಲ್ಲೂ ಮಡಿಕೆ ಬಿದ್ದ ಜಾಗದಲ್ಲಿ, ಮಲಸೀಜಿಯಾ ಅನ್ನೋ ಯೀಸ್ಟ್ (ಕಣ್ಣಿಗೆ ಕಾಣದ ಒಂಥರ ಶಿಲೀಂಧ್ರ) ಚೆನ್ನಾಗಿ ಬೆಳೆಯತ್ತೆ. ಎಲ್ಲಾ ನಾಯಿ ಮೈಮೇಲೂ ಅದು ಸ್ವಲ್ಪ ಇದ್ದೇ ಇರತ್ತೆ, ಜಾಸ್ತಿ ಆದಾಗ ಮಾತ್ರ ವಾಸನೆ, ಕೆರ್ತ, ಕೆಂಪಗಾಗೋದು, ಹಾಗೇ ಬಿಟ್ರೆ ಚರ್ಮ ದಪ್ಪ ಆಗಿ ಕಪ್ಪಗಾಗೋದು.

ಈಗ ಎಣ್ಣೆ ಮಸಾಜ್ ವಿಷ್ಯ. ಕೊಬ್ಬರಿ ಎಣ್ಣೆ ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಔಷಧಿ, ನಿಮ್ಮ ಪ್ರೀತಿ ನಮಗೆ ಅರ್ಥ ಆಗತ್ತೆ, ಮೈ ಒಣಗಿ ಒರಟಾಗಿರೋ ನಾಯಿಗೆ ಡಾಕ್ಟ್ರು ಬೇಡ ಅನ್ನದೇ ಇದ್ರೆ ತೆಳ್ಳಗೆ ಸವರಿ. ಆದ್ರೆ ಆಗ್ಲೇ ಎಣ್ಣೆ ಸುರೀತಿರೋ ಮೈಗೆ ಮತ್ತೆ ಎಣ್ಣೆ ಹಚ್ಚಿದ್ರೆ ಆ ಯೀಸ್ಟಿಗೆ ಊಟ ಹಾಕಿದ ಹಾಗೇನೇ. ಮೈಗೆ ಕಚ್ಕೊಳೋ ಉಣ್ಣೆ ಹುಳಕ್ಕೆ ಅಂತ ಹೊಂಗೆ ಎಣ್ಣೆ, ಬೇವಿನೆಣ್ಣೆ ಹಚ್ಚೋರೂ ಇದಾರೆ, ಅದರ ಮೇಲೆ ಧೂಳು ಕೂತು ಕೂದ್ಲು ಜಡೆಗಟ್ಟತ್ತೆ, ನಾಯಿ ಅದನ್ನ ನೆಕ್ಕತ್ತೆ ಬೇರೆ. ಟೀ ಟ್ರೀ ಎಣ್ಣೆ ಅಂತೂ ಮುಟ್ಟಲೇಬೇಡಿ, ಅದು ನಾಯಿಗಳಿಗೆ ವಿಷ, ಮೂರ್ನಾಲ್ಕು ಕೇಜಿ ತೂಕದ ನಾಯಿಗೆ ಸ್ವಲ್ಪಾನೇ ಸಾಕು ನಡುಕ ಹುಟ್ಟಿಸೋಕೆ. ಪಾತ್ರೆ ತೊಳಿಯೋ ಲಿಕ್ವಿಡ್ ಹಾಕಿದ್ರೆ ಜಿಡ್ಡು ಒಂದೇ ಸಲಕ್ಕೆ ಹೋಗತ್ತೆ ನಿಜ, ಆದ್ರೆ ಚರ್ಮಕ್ಕೆ ಬೇಕಾದ ಎಣ್ಣೇನೂ ಹೋಗಿ ಉರಿ ಶುರುವಾಗತ್ತೆ. ನಾವು ಮನುಷ್ಯರು ಹಾಕ್ಕೊಳೋ ಶಾಂಪೂನೂ ಬೇಡ, ಮನುಷ್ಯರ ಚರ್ಮಕ್ಕಿರೋ ಆಮ್ಲೀಯ ಗುಣ ನಾಯಿ ಚರ್ಮಕ್ಕೆ ಅಷ್ಟಿಲ್ಲ, ಅದಕ್ಕೆ ಹೊಂದಲ್ಲ. ಪರ್ಫ್ಯೂಮ್ ನಿಲ್ಸಿದ್ದಕ್ಕೂ ಇದೇ ಥರ ಕಾರಣ, ಕೆರಳಿರೋ ಚರ್ಮ ಇನ್ನೂ ಕೆರಳತ್ತೆ, ಜೊತೆಗೆ ಒಳಗೆ ಏನೋ ಸರಿ ಇಲ್ಲ ಅಂತ ಹೇಳ್ತಿರೋ ವಾಸನೆ ಮುಚ್ಚೋಗತ್ತೆ, ಆ ವಾಸನೆ ನಿಮ್ಮ ಮೂಗಿಗೆ ಬರಬೇಕು.

ಹೊಸ ಸ್ನಾನ ಹೇಗಿರತ್ತೆ ಅಂದ್ರೆ, ಮೊದಲು ಒಣ ಮೈಮೇಲೇ ಬಾಚಿ ಗಂಟು ಬಿಡಿಸ್ತೀವಿ, ಒದ್ದೆ ಆದ್ಮೇಲೆ ಗಂಟು ಇನ್ನೂ ಬಿಗಿಯತ್ತೆ. ಆಮೇಲೆ ಉಗುರುಬೆಚ್ಚಗಿನ ನೀರು, ಬಿಸಿ ಅಲ್ಲ. ಮೊದಲ ಸುತ್ತು ಜಿಡ್ಡು ತೆಗೆಯೋ ನಾಯಿ ಶಾಂಪೂ, ಅದನ್ನ ಪೂರ್ತಿ ತೊಳೆದು ಎರಡನೇ ಸುತ್ತಿಗೆ ನಿಮ್ಮ ಡಾಕ್ಟ್ರು ಬರೆದಿರೋ ಔಷಧಿ ಶಾಂಪೂ. ಯೀಸ್ಟಿಗೆ ಸಾಮಾನ್ಯವಾಗಿ ಕ್ಲೋರ್‌ಹೆಕ್ಸಿಡಿನ್ ಮೈಕೊನಜೋಲ್ ಎರಡೂ ಇರೋದನ್ನ ಬರೀತಾರೆ, ತುಂಬಾ ಜಿಡ್ಡಿದ್ರೆ ಬೆಂಜಾಯಿಲ್ ಪೆರಾಕ್ಸೈಡ್ ಇರೋದನ್ನ, ಅದು ಬಟ್ಟೆ ಬಣ್ಣ ಬಿಡಿಸತ್ತೆ ಹಾಗಾಗಿ ಹಳೇ ಟವೆಲ್ಲೇ ತನ್ನಿ. ಇಲ್ಲೇ ಟೈಮ್ ಹೋಗೋದು. ಔಷಧಿ ಶಾಂಪೂ ಚರ್ಮದ ಮೇಲೆ 10 ನಿಮಿಷ ಇರಬೇಕು, ಹಾಕಿ ತಕ್ಷಣ ತೊಳೆದ್ರೆ ನೀವು ಕೊಟ್ಟ ದುಡ್ಡು ಡ್ರೈನಿಗೆ ಹೋದ ಹಾಗೆ. ಟಬ್ ಪಕ್ಕ ಟೈಮರ್ ಇಟ್ಟಿದೀವಿ, ಅಷ್ಟು ಹೊತ್ತೂ ಒಬ್ರು ನಾಯಿನ ಹಿಡ್ಕೊಂಡು ಬೆರಳಲ್ಲಿ ನಿಧಾನಕ್ಕೆ ಉಜ್ಜುತಾ, ನೆಕ್ಕದ ಹಾಗೆ ನೋಡ್ಕೊಂಡು, ಚಳಿ ಆಗದ ಹಾಗೆ ಇರಬೇಕು, ಸಣ್ಣ ನಾಯಿಗೆ ಮೈ ಬೇಗ ತಣ್ಣಗಾಗತ್ತೆ. ಹೆಚ್ಚಿನ 250 ರೂಪಾಯಿ ಈ ಕೈ ಕೆಲಸದ್ದು. ಶಾಂಪೂ ನೀವೇ ತಂದ್ರೆ ಅದಕ್ಕೆ ಬೇರೆ ಚಾರ್ಜ್ ಇಲ್ಲ.

ತೊಳಿಯೋದಕ್ಕೂ ಮುಂಚಿಗಿಂತ ಜಾಸ್ತಿ ಹೊತ್ತು ಇಟ್ಟಿದೀವಿ. ಬೆಂಗಳೂರಲ್ಲಿ ಎಷ್ಟೋ ಏರಿಯಾದಲ್ಲಿ ಬೋರ್‌ವೆಲ್ ನೀರೇ ಗತಿ, ಗಡಸು ನೀರು, ಅದರಲ್ಲಿ ಸೋಪಿನ ಬಾರ್ ಹಾಕಿದ್ರೆ ನೊರೆ ಬರೋ ಬದ್ಲು ಬಿಳೀ ಕೆನೆ ಥರ ಕಟ್ಕೊಂಡು ಕೂದ್ಲಿಗೇ ಮೆತ್ಕೊಳತ್ತೆ. ಮನೇಲಿ ಸೋಪಲ್ಲಿ ತೊಳೆದ ನಾಯಿ ಒಣಗಿದ್ಮೇಲೂ ಅಂಟಂಟು ಅನ್ಸಿದ್ರೆ ಅದು ಇದೇ ಇರಬಹುದು, ಸೋಪು ಬಿಡಿ, ಕೊನೇ ಸುತ್ತಿಗಾದ್ರೂ ಕಾವೇರಿ ನೀರು ಎತ್ತಿಡಿ. ಒಣಗಿಸೋದು ಬುಡದ ತನಕ, ಬ್ಲೋವರ್ ಕಮ್ಮಿ ಬಿಸೀಲಿ ಇಟ್ಟು. ಮಳೆಗಾಲದಲ್ಲಿ ಮೇಲೆ ಒಣಗಿ ಒಳಗೆ ತಂಡಿ ಉಳಿದ್ರೆ ಎರಡೇ ದಿನದಲ್ಲಿ ವಾಸನೆ ವಾಪಸ್.

ಕೆರ್ತ, ಕೆಂಪು, ಕಿವಿ ವಾಸನೆ, ಕೂದ್ಲು ಉದುರಿ ಬೋಳಾಗಿರೋದು ಇದ್ರೆ ಮೊದಲು ವೆಟ್ ಹತ್ರ ತೋರಿಸಿ ಚೀಟಿ ತನ್ನಿ, ಚೀಟಿ ಇಲ್ದೆ ಔಷಧಿ ಶಾಂಪೂ ನಾವು ಹಾಕಲ್ಲ. ಇದರಲ್ಲಿ ನಾವು ಸ್ವಲ್ಪ ಗಟ್ಟಿಯಾಗೇ ಇರ್ತೀವಿ. ಯಾಕಂದ್ರೆ ಹುಟ್ಟಿಂದ ಬರೋ ಸೆಬೊರಿಯಾ ಸಾಮಾನ್ಯವಾಗಿ ಎರಡು ವರ್ಷದೊಳಗೇ ಕಾಣಿಸ್ಕೊಳತ್ತೆ, ನಾಲ್ಕು ಐದು ವರ್ಷ ಚೆನ್ನಾಗಿದ್ದು ಆಮೇಲೆ ಜಿಡ್ಡಾದ್ರೆ ಹಿಂದೆ ಬೇರೆ ಏನೋ ಇರತ್ತೆ: ಚಿಗಟದ ಅಲರ್ಜಿ, ಊಟದ ಅಲರ್ಜಿ, ಥೈರಾಯ್ಡ್ ಕಮ್ಮಿ ಆಗಿರೋದು, ಕುಶಿಂಗ್ಸ್ (ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನ್ ಜಾಸ್ತಿ ಆಗೋ ಕಾಯಿಲೆ), ಚರ್ಮದೊಳಗಿನ ಹುಳ. ಅದನ್ನ ಹಿಡೀದೇ ಶಾಂಪೂ ಎಷ್ಟು ಹಾಕಿದ್ರೂ ವಾರಕ್ಕೆ ಮತ್ತೆ ಅದೇ ಕಥೆ. ಸೆಲ್ಲೋಟೇಪ್ ಒತ್ತಿ ತೆಗೆದು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಯೀಸ್ಟ್ ಇದೆಯಾ ಅಂತ ಗೊತ್ತಾಗತ್ತೆ, ಸಣ್ಣ ಟೆಸ್ಟು. ಹತ್ರದ ವೆಟ್ ಆದ್ರೂ ಸರಿ, ಹೆಬ್ಬಾಳದ ವೆಟರ್ನರಿ ಕಾಲೇಜ್ ಆಸ್ಪತ್ರೆ ಆದ್ರೂ ಸರಿ.

ಒಂದು ಸಣ್ಣ ವಿಷ್ಯ, ಕುತ್ತಿಗೆ ಮೇಲೆ ಮಾತ್ರ ಎಣ್ಣೆ ಥರ ಪ್ಯಾಚ್ ಇದ್ರೆ ಗಾಬರಿ ಬೇಡ, ಉಣ್ಣೆಗೆ ಅಂತ ಕುತ್ತಿಗೆ ಮೇಲೆ ಬಿಡೋ ಸ್ಪಾಟ್ ಆನ್ ಡ್ರಾಪ್ಸ್ ಇರಬಹುದು ಅದು. ಅದನ್ನ ಹಾಕೋ ಎರಡು ದಿನ ಮುಂಚಿಂದ ಹಿಡಿದು, ಹಾಕಿ ಎರಡು ದಿನ ಆಗೋ ತನಕ ಸ್ನಾನ ಬುಕ್ ಮಾಡ್ಬೇಡಿ. ಜಿಡ್ಡು ತೆಗೆಯೋ ಶಾಂಪೂ ಪದೇ ಪದೇ ಹಾಕೋ ನಾಯಿಗೆ ಡ್ರಾಪ್ಸ್ ಬದಲು ಮಾತ್ರೆ ಕೊಡಬಹುದಾ ಅಂತ ಡಾಕ್ಟ್ರನ್ನ ಕೇಳಿ.

"ಬೋಳಿಸ್ಬಿಡಿ, ವಾಸನೆ ಹೋಗತ್ತೆ" ಅಂತ ಕೇಳೋರಿಗೆ: ಶಿಟ್ಸು ಲಾಸಾಗೆ ಕೂದ್ಲು ಗಿಡ್ಡ ಮಾಡಿದ್ರೆ ಶಾಂಪೂ ಚರ್ಮಕ್ಕೆ ತಲುಪತ್ತೆ, ಅದು ಒಳ್ಳೇದೇ, ಮಾಡ್ಕೊಡ್ತೀವಿ. ಪೊಮೆರೇನಿಯನ್‌ಗೆ ಮಾತ್ರ ಮಾಡಲ್ಲ, ಅದರ ಕೂದ್ಲು ಬೋಳಿಸಿದ್ರೆ ಕೆಲವು ಸಲ ತಿಂಗಳುಗಟ್ಟಲೆ ಬರೋದೇ ಇಲ್ಲ.

ಮಧ್ಯದ ದಿನಗಳಲ್ಲಿ ನೀವು ಮಾಡ್ಬೇಕಾದ್ದು ದಿನಾ ಬಾಚೋದು, ಮಳೇಲಿ ವಾಕಿಂಗ್ ಹೋಗಿ ಬಂದ್ಮೇಲೆ ಪಾದ ಮಡಿಕೆ ಒರೆಸಿ ಒಣಗಿಸೋದು, ಮಲಗೋ ಬಟ್ಟೆ ವಾರಕ್ಕೊಮ್ಮೆ ಒಗೆಯೋದು. ಎಷ್ಟು ದಿನಕ್ಕೊಮ್ಮೆ ಸ್ನಾನ ಅನ್ನೋದನ್ನ ಡಾಕ್ಟ್ರು ಹೇಳಿದ ಹಾಗೆ, ಯೀಸ್ಟ್ ಜೋರಿದ್ರೆ ಶುರುವಲ್ಲಿ ವಾರಕ್ಕೆ ಎರಡು ಸಲ ಅಂತಾರೆ, ಅಷ್ಟು ಸಲ ಇಲ್ಲಿಗೆ ಬರೋದು ಖರ್ಚು. ಅದಕ್ಕೆ ಮೊದಲ ಸ್ನಾನದ ದಿನ ನೀವೂ ಜೊತೇಲಿ ನಿಂತ್ಕೊಳ್ಳಿ, ಹೇಗೆ ಮಾಡೋದು ಅಂತ ಕೈ ಹಿಡಿದು ತೋರಿಸ್ಕೊಡ್ತೀವಿ, ಉಳಿದಿದ್ದು ಮನೇಲೇ ಮಾಡ್ಕೋಬಹುದು.

ಈ ಸ್ಲಾಟು ದಿನಕ್ಕೆ ನಾಲ್ಕೇ ಇಟ್ಟಿದೀವಿ, ಭಾನುವಾರ ಇರಲ್ಲ. ಈಗಾಗ್ಲೇ ಬುಕ್ ಮಾಡಿ ಅಡ್ವಾನ್ಸ್ ಕೊಟ್ಟಿರೋರಿಗೆ ಹಳೇ ರೇಟೇ, ಸ್ನಾನ ಮಾತ್ರ ಹೊಸ ರೀತಿದು. ಬರೋವಾಗ ಡಾಕ್ಟ್ರ ಚೀಟಿ, ಶಾಂಪೂ, ಎರಡು ಹಳೇ ಟವೆಲ್ ತನ್ನಿ, ಮತ್ತೆ ಕೊನೇ ಸಲ ಉಣ್ಣೆ ಔಷಧಿ ಹಾಕಿದ ತಾರೀಖು ಬರ್ಕೊಂಡು ಬನ್ನಿ.

ಇಂತಿ,
ನಿಮ್ಮ ಗ್ರೂಮಿಂಗ್ ಅಂಗಡಿಯವರು